ಅಡುಗೆ ಸರದಿ ತಿಳಿಯದ ಕಾದಂಬರಿಗಳು

ಈಗಿನ ಕಾದಂಬರಿಗಳ ದೊಡ್ಡ ದೋಷ ಯಾವುದು ಎಂದು ನಮ್ಮ ಮನೆಯೊಡತಿ ಲಾಮಿ ಅತ್ತೆಯನ್ನು ಕೇಳಿದರೆ ಉತ್ತರ ಒಂದೇ: ಯಾವ ದಿನ ಯಾವ ಹೆಂಡತಿಯ ಅಡುಗೆ ಸರದಿ ಎನ್ನುವುದು ಬರೆಯುವವರಿಗೇ ಗೊತ್ತಿರುವುದಿಲ್ಲ.

"ನೋಡೇ ಇಲ್ಲಿ," ಎಂದು ಪುಸ್ತಕವನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಾರೆ. ನಾನು ಮಗುವಿಗೆ ಹಾಲೂಡಿಸುತ್ತಿರಲಿ, ಬಟ್ಟೆ ಹಿಂಡುತ್ತಿರಲಿ, ಅವರಿಗೆ ಅದು ಲೆಕ್ಕಕ್ಕಿಲ್ಲ. "ಮೊನ್ನೆ, ನಿನ್ನೆ ಕಿರಿಯವಳ ಸರದಿ ಮುಗೀತು. ಇವತ್ತು ಒಲೆ ದೊಡ್ಡವಳದು, ಗಂಡನೂ ದೊಡ್ಡವಳ ಕೋಣೆಗೆ. ಈ ಕಿರಿಯವಳು ನೋಡಿದ್ರೆ ಮಂತ್ರವಾದಿ ಹತ್ರ ಪುಡಿ ತಂದು ಇವತ್ತೇ ಸಾರಿಗೆ ಹಾಕ್ತಾಳಂತೆ! ಸವತಿ ಒಲೆ ಮುಂದೆ ಹೋಗಿ ನಿಂತ್ರೆ ದೊಡ್ಡವಳು ಸೌಟಲ್ಲಿ ಬಾರಿಸಲ್ವೇನೇ?"

ಎರಡನೆಯ ದೋಷ, ನಾಯಕನಿಗೆ ಹಸಿವೆಯೇ ಆಗುವುದಿಲ್ಲ. ದೊಡ್ಡ ಕಾರಿನಿಂದ ಇಳಿಯುತ್ತಾನೆ, ಸೆಂಟು ಹಾಕಿಕೊಳ್ಳುತ್ತಾನೆ, ನೂರು ಪುಟ ದಾಟಿದರೂ ಒಂದು ತುತ್ತು ತುವೊ ಮುದ್ದೆ ಮುರಿಯುವುದಿಲ್ಲ. ಮೂರನೆಯದು ಅಳು. "ಇಷ್ಟು ಅಳೋ ಹುಡುಗೀನ ಯಾವ ಅತ್ತೆ ಇಟ್ಕೊಳ್ತಾಳೆ? ಹಿಟ್ಟು ಕುಟ್ಟೋರು ಯಾರು?"

ನಮ್ಮ ಕಾನೊ ಪಟ್ಟಣದಲ್ಲಿ ಕಾದಂಬರಿಯ ಹಿಂದಿನ ರಟ್ಟಿನ ಮೇಲೆ ಬರೆದವರ ಫೋನ್ ನಂಬರು ಇರುತ್ತದೆ. ಬೇರೆಯವರೆಲ್ಲ ಫೋನ್ ಮಾಡುವುದು ಹೊಗಳಲು. ಲಾಮಿ ಅತ್ತೆ ಮಾಡುವುದು ತಿದ್ದಲು. ಎಷ್ಟೋ ಲೇಖಕಿಯರಿಗೆ ಅವರ ದನಿ ಗುರುತು. ಒಬ್ಬಳಂತೂ ಈ ನಂಬರು ಕಂಡರೆ ಎತ್ತುವುದೇ ಇಲ್ಲ. ಅತ್ತೆ ನನ್ನ ಗಂಡನ ಫೋನಿನಿಂದ ಮಾಡಿ ಅವಳನ್ನು ಹಿಡಿದರು.

ಮನೆ ಅವರದು, ಹಳೇ ಊರಿನ ಯಕಾಸಾಯಿ ಕೇರಿಯಲ್ಲಿದೆ. ನಾವು ಅಂಗಳದ ಎಡಗಡೆಯ ಕೋಣೆಯಲ್ಲಿ ಬಾಡಿಗೆಗಿದ್ದೇವೆ. ಆ ಕೋಣೆ ಮೊದಲು ತಲಾತು ಅತ್ತೆಯದಾಗಿತ್ತು. ತಲಾತು ಎಂದರೆ ಲಾಮಿ ಅತ್ತೆಯ ಸವತಿ.

ಲಾಮಿ ಅತ್ತೆ ಓದು ಕಲಿತದ್ದು ಮದುವೆಯಾದ ಮೇಲೆ, ಹೆಂಗಸರ ಸಂಜೆ ಶಾಲೆಯಲ್ಲಿ. ತಲಾತು ಅತ್ತೆಗೆ ಕುರಾನಿನ ಅಕ್ಷರ ಬಿಟ್ಟರೆ ಬೇರೆ ಅಕ್ಷರ ಬಾರದು. ಹಾಗಾಗಿ ಆಗೆಲ್ಲ ಮಧ್ಯಾಹ್ನದ ನಮಾಜು ಮುಗಿದರೆ ಬೇವಿನ ನೆರಳಿಗೆ ಚಾಪೆ. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೋಪಿಗೆ ಕಸೂತಿ ಹಾಕುತ್ತಾ ಕೇಳುವುದು. ಕೇಳುವುದು ಏನು ಬಂತು, ಜಗಳ ಕಾಯುವುದು. "ಸುಳ್ಳು! ಯಾವ ಗಂಡಸು ಹಾಗೆ ಕ್ಷಮೆ ಕೇಳ್ತಾನೆ? ಮುಂದೆ ಓದು." "ಹೆಂಡತೀರು ಇಬ್ಬರಿದ್ದೂ ನನ್ನ ಬಗ್ಗೆ ಜಗಳ ಆಡೋರಿಲ್ಲ, ಪುಸ್ತಕದ ಗಂಡಂದಿರ ಪುಣ್ಯ ನೋಡಿ," ಎಂದು ಅವರ ಯಜಮಾನರು ಬಂದವರೆದುರು ಹೇಳುತ್ತಿದ್ದರಂತೆ.

ಯಜಮಾನರು ತೀರಿಕೊಂಡರು. ಇಬ್ಬರೂ ಒಂದೇ ಕೋಣೆಯಲ್ಲಿ ದುಃಖದ ತಿಂಗಳುಗಳನ್ನು ಕಳೆದರು. ಆಮೇಲೆ, ಇನ್ನೂ ವಯಸ್ಸಿದ್ದ ತಲಾತು ಅತ್ತೆಯನ್ನು ದೌರಾ ಊರಿನ ಒಬ್ಬರು ಕೇಳಿಕೊಂಡು ಬಂದರು. ಅಣ್ಣಂದಿರು ಒಪ್ಪಿದರು, ತಲಾತು ಅತ್ತೆಯೂ ಒಪ್ಪಿದರು. ಅಲ್ಲಿ ಮೊದಲೇ ಒಬ್ಬ ಹೆಂಡತಿ ಇದ್ದಾಳೆ. ಗಂಡ ಮತ್ತೊಬ್ಬಳನ್ನು ತಂದರೆ ಹೊಟ್ಟೆಯುರಿಯುವುದು ಊರಲ್ಲೆಲ್ಲ ಇದ್ದದ್ದೇ. ತನ್ನ ಸವತಿಗೆ ಬೇರೊಬ್ಬ ಸವತಿ ಸಿಕ್ಕಳೆಂದು ಹೊಟ್ಟೆಯುರಿದುಕೊಂಡವರನ್ನು ನಾನು ಕಂಡದ್ದು ಇದೊಂದೇ ಮನೆಯಲ್ಲಿ. ಆ ದೌರಾದವಳ ಹೆಸರನ್ನು ಅತ್ತೆ ಬಾಯಲ್ಲಿ ಎತ್ತುವುದಿಲ್ಲ. 'ಆ ಉದ್ದ ಕುತ್ತಿಗೆಯವಳು' ಅಷ್ಟೇ. ಅವಳ ಕುತ್ತಿಗೆಯನ್ನು ಅವರು ನೋಡಿದ್ದೂ ಇಲ್ಲ.

ಈ ನಡುವೆ 'ಎರಡು ಒಲೆಯ ಮನೆ' ಎಂಬ ಕಾದಂಬರಿಯ ಮೊದಲ ಭಾಗ ಬಂತು. ಬರೆದವಳು ಅಜುಮಿ ಎಂಬ ಹೊಸಬಳು. ಉವಾನಿ, ರಾಲಿಯಾ ಇಬ್ಬರು ಸವತಿಯರು. ಪುಡಿ ಇಲ್ಲ, ಮಂತ್ರವಾದಿ ಇಲ್ಲ. ಗಂಡ ಸತ್ತ ಮೇಲೆ ಕಿರಿಯವಳು ರಾಲಿಯಾ ಮರುಮದುವೆಯಾಗಿ ಹೊರಡುತ್ತಾಳೆ, ಹಿರಿಯವಳು ಉವಾನಿ ಬಾಗಿಲಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಲಾಮಿ ಅತ್ತೆ ಅವತ್ತು ಊಟ ಬಿಟ್ಟರು. ಮಾರನೆಯ ದಿನ ಫೋನ್ ಹಿಡಿದರು.

"ಮಗಳೇ, ನಾನು ಯಕಾಸಾಯಿಯಿಂದ."

"ಗೊತ್ತಾಯ್ತು ಬಿಡಿ ಅಮ್ಮಾ," ಎಂದಿತು ಫೋನು. "ನಿಮ್ಮ ಬಗ್ಗೆ ಎಲ್ಲರೂ ಹೇಳಿ ಹೆದರಿಸಿದ್ದಾರೆ. ಯಾರ ಸರದಿ ತಪ್ಪಿಸಿದ್ದೀನಿ ನಾನು?"

"ಸರದಿ ಸರಿಯಾಗಿದೆ. ಎರಡನೇ ಭಾಗದಲ್ಲಿ ರಾಲಿಯಾ ವಾಪಸ್ಸು ಬರ್ತಾಳೆ ತಾನೇ?"

"ಎಲ್ಲಾ ಅವಳನ್ನ ಸಾಯಿಸು ಅಂತಾರೆ. ವಾಪಸ್ಸು ಕರೆಸು ಅಂದೋರು ನೀವೊಬ್ಬರೇ."

"ಜನಕ್ಕೇನು, ಸಾವು ಕಂಡ್ರೆ ಹಬ್ಬ. ನೀನು ಕರೆಸು. ಆ ಹೊಸ ಗಂಡನ ಜೊತೆ ಅವಳಿಗೆ ಹಿಡಿಸಲ್ಲ ಅಂತ ಬರಿ. ಅಲ್ಲಿ ಅವಳ ಮಾತು ಕೇಳೋರು ಯಾರಿದ್ದಾರೆ?"

"ಅಮ್ಮಾ, ಬರೆದಾಗಿದೆ. ಅಚ್ಚಿಗೆ ಹೋಗಿದೆ."

"ಏನು ಬರೆದೆ?"

"ಹೇಳಿದ್ರೆ ಪುಸ್ತಕ ಯಾರು ತಗೊಳ್ತಾರೆ?" ಎಂದು ಅವಳು ನಕ್ಕಳು. ಅತ್ತೆ ನಗಲಿಲ್ಲ.

ಎರಡನೆಯ ಭಾಗ ಬಂದಿದೆ ಎಂದು ತಿಳಿದ ದಿನವೇ ನನ್ನ ಗಂಡ ಪೇಟೆಯಿಂದ ತಂದುಕೊಟ್ಟ. ಅತ್ತೆ ಅದನ್ನು ತೆರೆಯಲಿಲ್ಲ. ನನಗೆ ಆಶ್ಚರ್ಯ. ಹೊಸ ಪುಸ್ತಕ ಬಂದರೆ ಸಾರು ತಳ ಹಿಡಿದರೂ ಏಳದ ಹೆಂಗಸು, ಇದನ್ನು ದಿಂಬಿನ ಕೆಳಗಿಟ್ಟು ಅಂಗಳ ಗುಡಿಸತೊಡಗಿದರು.

"ತಲಾತು ಬರ್ತಾಳಲ್ಲ, ಅಣ್ಣನ ಮಗಳ ಮದುವೆಗೆ," ಎಂದರು. "ಅವಳಿಗೆ ಓದಿ ಹೇಳ್ತೀನಿ. ಒಂದು ಮಧ್ಯಾಹ್ನಕ್ಕೆ ಮುಗಿಯುತ್ತೆ. ರಾಲಿಯಾ ಬರೋದನ್ನ ಅವಳೇ ಕೇಳಲಿ."

ಬರುವುದು ಖಚಿತವೆನ್ನುವ ಹಾಗೆ ಹೇಳಿದರು. ಕಾದಂಬರಿಯ ರಾಲಿಯಾ ವಾಪಸ್ಸಾದರೆ ಅದನ್ನು ಕೇಳಿದ ತಲಾತು ಅತ್ತೆಗೂ ಏನೋ ಅನ್ನಿಸಬಹುದು ಎಂದು ಅವರು ಎಣಿಸಿದ್ದರು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ನೀವು ಬೇರೆ ಮನೆ ಹುಡುಕಿಕೊಳ್ಳಲು ಎಷ್ಟು ದಿನ ಬೇಕಾಗುತ್ತೆ ಎಂದು ನನ್ನನ್ನು ಸುಮ್ಮನೆ ಕೇಳಿದಂತೆ ಕೇಳಿದರು. ನನಗೆ ಕೋಪ ಬರಲಿಲ್ಲ. ಕೂಸು ಕಟ್ಟಿಕೊಂಡು ಎಲ್ಲಿ ಹುಡುಕುವುದು ಎಂಬ ಯೋಚನೆ ಮಾತ್ರ ಬಂತು.

ಮದುವೆಯ ಮಾರನೆಯ ದಿನ ತಲಾತು ಅತ್ತೆ ಬಂದರು. ಕೈಕಾಲಿಗೆ ಮದರಂಗಿ, ಮೈ ಸ್ವಲ್ಪ ತುಂಬಿಕೊಂಡಿತ್ತು. ಬಾಗಿಲಲ್ಲೇ ಶುರು.

"ಅಕ್ಕಾ, ಇನ್ನೂ ಸತ್ತಿಲ್ವ ನೀನು?"

"ನೀನು ಬಂದು ಮಣ್ಣು ಹಾಕ್ಲಿ ಅಂತ ಕಾಯ್ತಿದ್ದೆ. ಏನೇ ಇದು, ದೌರಾದಲ್ಲಿ ದನಕ್ಕೆ ಹಾಕೋ ಹಿಂಡಿ ತಿಂತೀಯಾ?"

ಇಬ್ಬರೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಸಜ್ಜೆಯ ಫುರಾ ಕಲಸಿ, ಮೊಸರು ಹಾಕಿ ಕೊಟ್ಟೆ. ಚಾಪೆ ಬೇವಿನ ಕೆಳಗೆ ಬಂತು. ಲಾಮಿ ಅತ್ತೆ ಒಳಗೆ ಹೋಗಿ ಪುಸ್ತಕ ತಂದು, ಮಡಿಲಲ್ಲಿಟ್ಟುಕೊಂಡು, "ಎರಡು ಒಲೆಯ ಮನೆ, ಎರಡನೇ ಭಾಗ," ಎನ್ನುತ್ತಾ ರಟ್ಟನ್ನು ಅಂಗೈಯಿಂದ ಸವರಿದರು.

ತಲಾತು ಅತ್ತೆ ಬಗ್ಗಿ ರಟ್ಟಿನ ಚಿತ್ರ ನೋಡಿದರು. "ಓ, ಇದಾ? ಇದು ಮುಗೀತಲ್ಲ! ನಮ್ಮಲ್ಲಿ ರೇಡಿಯೋದಲ್ಲಿ ಓದಿದ್ರು. ದಿನಾ ಇಳಿಹೊತ್ತಿನ ಅಸರ್ ನಮಾಜು ಆದ್ಮೇಲೆ. ನಾನು, ಹಜ್ಜೊ ಇಬ್ಬರೂ ಒಲೆ ಆರಿಸಿ ಕೂತು ಕೇಳಿದ್ವಿ."

ಹಜ್ಜೊ ಎಂದರೆ ಆ ಉದ್ದ ಕುತ್ತಿಗೆಯವಳು ಎಂದು ಯಾರೂ ಹೇಳಬೇಕಾಗಲಿಲ್ಲ.

"ಹಂಗಾದ್ರೆ ಹೇಳು," ಎಂದರು ಲಾಮಿ ಅತ್ತೆ. ದನಿ ಮಾಮೂಲಾಗಿಯೇ ಇತ್ತು. "ಬಂದಳಾ?"

"ಯಾರು, ರಾಲಿಯಾನಾ? ಎಲ್ಲಿಂದ ಬರ್ತಾಳೆ! ಒಂದು ಸಲ ಹೊರಡ್ತಾಳೆ, ಗಂಟು ಕಟ್ತಾಳೆ. ಆಮೇಲೆ ಆ ಮನೆ ಹೆಂಗಸು ಜ್ವರ ಬಂದು ಮಲಗಿಬಿಡ್ತಾಳೆ. ಅವಳಿಗೆ ಗಂಜಿ ಕಾಯಿಸ್ತಾ ಕಾಯಿಸ್ತಾ ಗಂಟು ಬಿಚ್ಚಿಡ್ತಾಳೆ. ಅಷ್ಟೇ."

"ತಪ್ಪು."

"ಯಾಕಕ್ಕಾ ತಪ್ಪು?"

"ಹಳೇ ಮನೇಲಿ ಅವಳಿಗೋಸ್ಕರ ಒಬ್ಬಳು ಕೂತಿದ್ದಾಳೆ."

ತಲಾತು ಅತ್ತೆ ಫುರಾದ ಬಟ್ಟಲು ಕೆಳಗಿಟ್ಟರು. "ಅವಳು ಹಳೇ ಮನೇನ ಮರೆತಿಲ್ಲ ಅಕ್ಕಾ. ಗಂಜಿ ತಿರುವ್ತಾ ಅದನ್ನೇ ನೆನೆಸ್ಕೊಳ್ತಾಳೆ, ಆ ಜಾಗದಲ್ಲಿ ಹಜ್ಜೊ ಅತ್ತೇಬಿಟ್ಟಳು. ಆದ್ರೆ ಬಂದು ಏನು ಮಾಡ್ತಾಳೆ? ಹೊಸ ಮನೇಲೂ ಅವಳು ಬೇಕಾದವಳೇ ತಾನೇ? ನನಗೆ ಸರಿ ಅನ್ನಿಸ್ತು."

ಬೇರೆ ದಿನವಾಗಿದ್ದರೆ ಇಲ್ಲಿಂದ ಜಗಳ ಸಂಜೆಯವರೆಗೆ ನಡೆಯುತ್ತಿತ್ತು. ಲಾಮಿ ಅತ್ತೆ ಮದುವೆಯ ಊಟದ ವಿಚಾರ ಕೇಳಿದರು. ಹೊರಡುವಾಗ ತಲಾತು ಅತ್ತೆ ನನ್ನ ಕೋಣೆಗೆ ಇಣುಕಿ, "ಈ ಮೂಲೇಲಿ ಮಳೆಗಾಲಕ್ಕೆ ಗೆದ್ದಲು ಬರುತ್ತೆ, ಬಟ್ಟೆ ಇಡಬೇಡ ಕಣಮ್ಮ," ಎಂದರು. ಅಷ್ಟು ಹೇಳಿ, ಅಣ್ಣನ ಕಾರಿನ ಹಾರನ್ನು ಕೇಳಿ, ಹೋದರು.

ಮಾರನೆಯ ದಿನ ಲಾಮಿ ಅತ್ತೆ ಎರಡನೆಯ ಭಾಗವನ್ನು ಒಬ್ಬರೇ ಓದಿದರು, ದನಿಯಿಲ್ಲದೆ. ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ನಾನು ಹತ್ತಿರ ಹೋಗಿ ಕೂತು, "ಗಟ್ಟಿಯಾಗಿ ಓದಿ ಅತ್ತೆ, ನಾನೂ ಕೇಳ್ತೀನಿ," ಎಂದೆ.

"ನೀನು ಎಲ್ಲದಕ್ಕೂ ಹೂಂ ಅಂತೀಯ," ಎಂದರು. ಬೈದದ್ದಲ್ಲ. ನಿಜವೇ, ನಾನು ಎರಡನೆಯ ಪುಟಕ್ಕೆ ತೂಕಡಿಸುವವಳು.

ಓದಿ ಮುಗಿಸಿ ಫೋನ್ ಮಾಡಿದರು. ಅಜುಮಿ ಬೈಗುಳಕ್ಕೆ ಸಿದ್ಧಳಾಗಿದ್ದಳೆಂದು ಕಾಣುತ್ತದೆ, "ಹೇಳಿ ಅಮ್ಮಾ, ಹೇಳಿ," ಎನ್ನುತ್ತಲೇ ಎತ್ತಿದಳು.

"ನೀನು ಬರೆದದ್ದು ಸರಿ ಇದೆ," ಎಂದರು ಅತ್ತೆ. "ನನಗೆ ಹಿಡಿಸಲಿಲ್ಲ. ಆದ್ರೆ ಸರಿ ಇದೆ. ಅವಳು ಬಂದಿದ್ರೆ ಸುಳ್ಳಾಗ್ತಿತ್ತು."

ಆ ಕಡೆ ಹುಡುಗಿ ಸಂತೋಷದಿಂದ ಏನೇನೋ ಹೇಳತೊಡಗಿದಳು. ಅತ್ತೆ ತಡೆದರು.

"ಒಂದು ತಪ್ಪಿದೆ. ಉವಾನೀನ ಬಾಗಿಲಲ್ಲಿ ನಿಲ್ಲಿಸಿ ಹೋದೆಯಲ್ಲ, ಇಡೀ ಎರಡನೇ ಭಾಗದಲ್ಲಿ ಅವಳ ಸುದ್ದೀನೇ ಇಲ್ಲ. ಆಮೇಲೆ ಅವಳು ಏನು ಮಾಡಿದಳು?"

"ಯೋಚನೆ ಮಾಡಿದೆ ಅಮ್ಮಾ. ಅವಳದು ಬರೆಯೋಕೆ ಕಥೆ ಎಲ್ಲಿದೆ? ರಾಲಿಯಾ ಹೋದ್ಮೇಲೆ ಆ ಮನೇಲಿ ಏನೂ ನಡೆಯಲ್ವಲ್ಲ."

"ಹೌದು," ಎಂದರು ಲಾಮಿ ಅತ್ತೆ. "ಏನೂ ನಡೆಯಲ್ಲ."

ನಾನು ಒಣಗಿದ ಬಟ್ಟೆ ತೆಗೆಯಬೇಕಿತ್ತು, ಮಗುವನ್ನು ಅವರ ಪಕ್ಕ ಚಾಪೆಯ ಮೇಲೆ ಕೂರಿಸಿ ಹೋದೆ. ತಿರುಗಿ ಬಂದಾಗ ಮಗು ಪುಸ್ತಕದ ಮೂಲೆಯನ್ನು ಬಾಯಿಗಿಟ್ಟು ಚೀಪುತ್ತಿತ್ತು. ಪುಟ ಮಡಿಚಿದರೂ ಗದರುವ ಅತ್ತೆ, ನೋಡುತ್ತಲೇ ಕೂತಿದ್ದರು, ಕಿತ್ತುಕೊಂಡಿರಲಿಲ್ಲ.