ಕಬ್ಬಿಣದ ವ್ಯಾಪಾರಿಯ ಪ್ಲಾಸ್ಟಿಕ್ ಪಿಸ್ತೂಲು

2023ರಲ್ಲಿ ನಾನು ಪೊಲೀಸ್ ಇಲಾಖೆಯ ಆರ್ಮರರ್ ಕೆಲಸದಿಂದ ನಿವೃತ್ತನಾಗಿ ಶಿವಮೊಗ್ಗದ ಗೋಪಾಳದ ಮನೆಯಲ್ಲಿದ್ದೆ. ಆರ್ಮರರ್ ಎಂದರೆ ಆಯುಧ ಹಿಡಿದು ಓಡುವವನಲ್ಲ. ಓಡುವವರ ಆಯುಧಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಕೆಟ್ಟಿದ್ದನ್ನು ಸರಿಪಡಿಸಿ ಕೊಠಡಿಯಲ್ಲಿ ಬೀಗ ಹಾಕಿ ಇಡುವವನು. ಇಡೀ ಸೇವೆಯಲ್ಲಿ ನನ್ನ ಕಣ್ಣೆದುರು ಒಬ್ಬ ಮನುಷ್ಯನಿಗೂ ಗುಂಡು ತಾಗಿರಲಿಲ್ಲ. ನಿವೃತ್ತನಾದ ಮೇಲೆ ತಾಗಿತು. ಆ ಘಟನೆಯ ಬಗ್ಗೆ ಊರಲ್ಲಿ ಹರಿದಾಡಿದ ಮಾತುಗಳಲ್ಲಿ ಹೆಚ್ಚಿನವು ಸುಳ್ಳು. ಆ ಸುಳ್ಳುಗಳ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬದಲಾಯಿಸಿದ್ದೇನೆ.

ಚಂದ್ರಶೇಖರಪ್ಪ ಎಂಬ ಕಬ್ಬಿಣ, ಸಿಮೆಂಟಿನ ವ್ಯಾಪಾರಿ ನನಗೆ ಹಳೆಯ ಪರಿಚಯ. ಅಂಗಡಿ ಶಿವಮೊಗ್ಗದಲ್ಲಿ, ಗೋದಾಮು ಭದ್ರಾವತಿಯಲ್ಲಿ. ಎರಡರ ನಡುವೆ ದಿನವೂ ಓಡಾಟ. ಒಮ್ಮೆ ಬೈಪಾಸ್ ಹತ್ತಿರ ಇಬ್ಬರು ಬೈಕಿನವರು ಅವರ ಕಾರನ್ನು ಅಡ್ಡಗಟ್ಟಿದ್ದರು. ಡ್ರೈವರ್ ಮುರುಗೇಶ ಕಾರು ನಿಲ್ಲಿಸದೆ ಹೊಲದ ಅಂಚಿಗೆ ಇಳಿಸಿ ಪಾರು ಮಾಡಿದ್ದ. ಆಮೇಲೆ ಯಜಮಾನರು ಪಿಸ್ತೂಲಿನ ಲೈಸೆನ್ಸ್‌ಗೆ ಅರ್ಜಿ ಹಾಕಿದರು. ಅದು ಸಿಕ್ಕಿದ ಮೇಲೆ, ಆಯ್ಕೆಗೆ ಜೊತೆ ಬರಬೇಕೆಂದು ನನ್ನನ್ನು ಕರೆದರು. ಬೇರೆ ಜಿಲ್ಲೆಯ ಒಂದು ಆಯುಧದಂಗಡಿಗೆ ಮುರುಗೇಶನೇ ನಮ್ಮನ್ನು ಕರೆದುಕೊಂಡು ಹೋದ.

ಅಂಗಡಿಯವನು ಮೇಜಿನ ಮೇಲೆ ಎರಡು ಸಣ್ಣ ಪಿಸ್ತೂಲುಗಳನ್ನು ಇಟ್ಟ. ಎರಡೂ .32 ಬೋರ್. ಒಂದರ ಫ್ರೇಮ್, ಅಂದರೆ ಹಿಡಿಕೆಯೂ ಸೇರಿದ ಕೆಳಭಾಗ, ಲೋಹದ್ದು. ಇನ್ನೊಂದರದು ಪಾಲಿಮರ್, ಗಟ್ಟಿ ಪ್ಲಾಸ್ಟಿಕ್.

"ನಾನು ಕಬ್ಬಿಣ ಮಾರೋನು ಮಾರಾಯ, ನನಗೇ ಪ್ಲಾಸ್ಟಿಕ್ ತೋರಿಸ್ತೀಯಲ್ಲ!" ಎಂದರು ಚಂದ್ರಶೇಖರಪ್ಪ.

"ಪ್ಲಾಸ್ಟಿಕ್ ಅನ್ಬೇಡಿ ಯಜಮಾನ್ರೆ, ಪಾಲಿಮರ್ ಅದು."

"ನಮ್ಮನೆ ಬಚ್ಚಲಿನ ಬಕೀಟು ಕೊಟ್ಟೋನೂ ಇದೇ ಹೆಸರು ಹೇಳಿದ್ದ. ಆರು ತಿಂಗಳಿಗೆ ತಳ ಬಿತ್ತು."

ಎಲ್ಲರೂ ನಕ್ಕೆವು. ಆದರೆ ಆ ನಗುವಿನಲ್ಲೇ ಒಂದು ತಪ್ಪು ತಿಳಿವಳಿಕೆ ಇತ್ತು, ಅದನ್ನು ಅಲ್ಲೇ ತಿದ್ದಿದೆ. ಪಾಲಿಮರ್ ಪಿಸ್ತೂಲು ಪೂರ್ತಿ ಪ್ಲಾಸ್ಟಿಕ್ ಅಲ್ಲ. ನಳಿಕೆ, ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್, ಒಳಗಿನ ಸ್ಪ್ರಿಂಗು, ಎಲ್ಲವೂ ಉಕ್ಕೇ. ಫ್ರೇಮ್ ಮಾತ್ರ ಬೇರೆ. ಅದರಿಂದ ತೂಕ ಕಡಿಮೆ. ನಮ್ಮ ಕಡೆಯ ಮಳೆಗಾಲಕ್ಕೆ, ಬೆವರಿಗೆ, ಆ ಭಾಗ ತುಕ್ಕು ಹಿಡಿಯುವುದಿಲ್ಲ. ಲೋಹದ್ದು ಭಾರ. ಆದರೆ ಆ ಭಾರದಿಂದಲೇ ಗುಂಡು ಹಾರಿದಾಗ ಕೈಗೆ ಬೀಳುವ ಒದೆತ ಕಡಿಮೆ.

ನನಗೆ ಮುಖ್ಯವಾಗಿ ಕಂಡದ್ದು ಈ ಯಾವುದೂ ಅಲ್ಲ. ನಮ್ಮ ಮುಂದಿದ್ದ ಲೋಹದ ಪಿಸ್ತೂಲಿನಲ್ಲಿ ಹೆಬ್ಬೆರಳಿಗೆ ಸಿಗುವ ಕಡೆ ಒಂದು ಸೇಫ್ಟಿ ಸನ್ನೆ, ಅಂದರೆ ಮೇಲೆ ಕೆಳಗೆ ಆಡುವ ಪುಟ್ಟ ಲಿವರ್, ಇತ್ತು. ಅದನ್ನು ಹಾಕಿದರೆ ಟ್ರಿಗರ್ ಎಳೆದರೂ ಗುಂಡು ಹಾರದು. ಹಾಕಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆ. ಪಾಲಿಮರ್ ಪಿಸ್ತೂಲಿನಲ್ಲಿ ಅಂಥ ಸನ್ನೆ ಇರಲಿಲ್ಲ. ಅದರ ಸೇಫ್ಟಿ ಟ್ರಿಗರಿನ ಮೈಯಲ್ಲೇ ಇತ್ತು. ಟ್ರಿಗರನ್ನು ಮುಟ್ಟದಿದ್ದರೆ ಅದು ಕೆಳಗೆ ಬಿದ್ದರೂ ಸಿಡಿಯುವುದಿಲ್ಲ. ಟ್ರಿಗರನ್ನು ಒತ್ತಿದರೆ ಸೇಫ್ಟಿಯೂ ಜೊತೆಯಲ್ಲೇ ಬಿಟ್ಟುಕೊಳ್ಳುತ್ತದೆ. ಒತ್ತಿದ್ದು ಬೆರಳೋ ಬೇರೇನೋ ಎಂಬುದು ಅದಕ್ಕೆ ತಿಳಿಯದು. ಚೆನ್ನಾಗಿ ಕಲಿತ ಕೈಗೆ ಅದು ಒಳ್ಳೆಯ ಆಯುಧ, ಅದರಲ್ಲಿ ಅನುಮಾನವಿಲ್ಲ. ಆದರೆ ಆಯುಧವನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಅಂಗಡಿಯ ಡ್ರಾಯರಿನಲ್ಲಿ ಕೀಲಿಗೊಂಚಲಿನ ಜೊತೆ ಇಡುವ ಮನುಷ್ಯನಿಗೆ ನಾನು ಅದನ್ನು ಕೊಡಲಾರೆ. "ಲೋಹದ್ದು ತಗೊಳ್ಳಿ," ಎಂದೆ.

ಯಜಮಾನರು ಅದನ್ನು ಸೊಂಟಕ್ಕೆ ಸಿಕ್ಕಿಸಿ ನೋಡಿದರು. "ಇದನ್ನ ಇಟ್ಕೊಂಡ್ರೆ ನನ್ನ ಪ್ಯಾಂಟು ಮೊಳಕಾಲಿಗೆ ಬರುತ್ತೆ ಸಾರ್. ಕಳ್ಳ ನಗ್ತಾನೆ."

ಅಂಗಡಿಯವನು ಅಷ್ಟಕ್ಕೇ ಕಾದಿದ್ದವನಂತೆ ಇನ್ನೊಂದನ್ನು ಮುಂದೆ ತಳ್ಳಿದ. "ಇದರಲ್ಲಿ ಸೇಫ್ಟಿ ಎಲ್ಲಾ ಒಳಗೇ ಇದೆ ಯಜಮಾನ್ರೆ. ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ."

ಆಯುಧ ಮಾರುವವನು ಆಡಬಾರದ ಮಾತು ಒಂದಿದ್ದರೆ ಅದು ಇದೇ. ತಲೆ ಕೆಡಿಸಿಕೊಳ್ಳದವನ ಕೈಗೆ ಪಿಸ್ತೂಲು ಯಾಕೆ? ನಾನು ಅಲ್ಲೇ ಹೇಳಿದೆ, ಅವನು ನಕ್ಕ. ಯಜಮಾನರು ಪಾಲಿಮರನ್ನೇ ಕೊಂಡರು. ದಾರಿಯಲ್ಲಿ ಬರುವಾಗ, ಇಟ್ಟುಕೊಳ್ಳುವುದಾದರೆ ಚೇಂಬರ್ ಖಾಲಿ ಇಡಿ ಎಂದೆ. ಚೇಂಬರ್ ಎಂದರೆ ನಳಿಕೆಯ ಹಿಂಭಾಗದಲ್ಲಿ ಹಾರಲು ಸಿದ್ಧವಾದ ಒಂದು ಗುಂಡು ಕೂರುವ ಜಾಗ. ಉಳಿದ ಗುಂಡುಗಳು ಹಿಡಿಕೆಯೊಳಗಿನ ಮ್ಯಾಗಝಿನ್‌ನಲ್ಲಿರುತ್ತವೆ. ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಅವುಗಳಲ್ಲಿ ಒಂದು ಚೇಂಬರಿಗೆ ಬರುತ್ತದೆ.

"ಕಳ್ಳ ಬಂದಾಗ, ಇರಪ್ಪ, ಸ್ಲೈಡ್ ಎಳ್ಕೊಳ್ತೀನಿ ಅನ್ಲಾ?" ಎಂದು ಅವರು ನಕ್ಕರು. ಮುರುಗೇಶನೂ ಕನ್ನಡಿಯಲ್ಲಿ ನಕ್ಕಿದ್ದು ಕಾಣಿಸಿತು.

ಆ ವರ್ಷದ ಆಯುಧಪೂಜೆಯ ಸಂಜೆ ಅವರ ಅಂಗಡಿಗೆ ಪ್ರಸಾದಕ್ಕೆ ಹೋದೆ. ಬಾಳೆಲೆಯ ಮೇಲೆ ತಕ್ಕಡಿ, ಸರಳು ಕತ್ತರಿಸುವ ಯಂತ್ರ, ಲಾರಿಯ ಕೀಲಿ, ಬಿಲ್ ಹಾಕುವ ಕಂಪ್ಯೂಟರಿನ ಕೀಬೋರ್ಡು. ಎಲ್ಲದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಆಯುಧಕ್ಕೂ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕಂಕಣದಂತೆ ಬಿಗಿಯಬೇಕು. ಮರುದಿನ ವಿಜಯದಶಮಿಯ ಬೆಳಿಗ್ಗೆ ಕದಲಿಸುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಕದಲಿಸುವಾಗ ದಾರವನ್ನು ಕತ್ತರಿಸುವಂತಿಲ್ಲ, ಕೈಯಿಂದಲೇ ಬಿಚ್ಚಬೇಕು. ಅವರ ತಂದೆಯ ಕಾಲದಲ್ಲಿ ಮನೆಯಲ್ಲೊಂದು ಜೋಡಿ ನಳಿಕೆಯ ಕೋವಿ ಇತ್ತಂತೆ. ಅದನ್ನು ನಡು ಮುರಿದು, ಅಂದರೆ ಕೀಲಿನ ಬಳಿ ಬಗ್ಗಿಸಿ ತೆರೆದು, ಖಾಲಿ ನಳಿಕೆ ಎಲ್ಲರಿಗೂ ಕಾಣುವಂತೆ ಇಟ್ಟು, ಟ್ರಿಗರಿನ ಸುತ್ತಲ ಬಳೆಗೆ ದಾರ ಕಟ್ಟುತ್ತಿದ್ದರಂತೆ.

ತಕ್ಕಡಿಯ ಪಕ್ಕದಲ್ಲಿ ಪಿಸ್ತೂಲು ಇತ್ತು. ಅದರಲ್ಲಿ ಮುರಿಯುವ ನಡು ಇಲ್ಲ. ದಾರವನ್ನು ಮಾತ್ರ ಕೋವಿಗೆ ಕಟ್ಟಿದ ಜಾಗದಲ್ಲೇ ಕಟ್ಟಿದ್ದರು. ಎರಡು ಸುತ್ತು ಬಳೆಯೊಳಗಿಂದ, ಟ್ರಿಗರಿನ ಮುಂದಿನಿಂದ ಹಾದಿತ್ತು.

"ಖಾಲಿ ಮಾಡಿದೀರಾ?" ಎಂದೆ.

"ಮ್ಯಾಗಝಿನ್ ತೆಗೆದಿಟ್ಟಿದೀನಿ ಸಾರ್, ನೋಡಿ," ಎಂದು ಚಂದ್ರಶೇಖರಪ್ಪ ಡ್ರಾಯರ್ ಎಳೆದು ತೋರಿಸಿದರು.

"ಚೇಂಬರ್?"

"ಮ್ಯಾಗಝಿನ್ನೇ ಇಲ್ಲ ಅಂದ್ಮೇಲೆ ಇನ್ನೇನಿರುತ್ತೆ?"

ಮ್ಯಾಗಝಿನ್ ತೆಗೆದರೂ ಚೇಂಬರಿನಲ್ಲಿ ಮೊದಲೇ ಕೂತ ಗುಂಡು ಅಲ್ಲೇ ಇರುತ್ತದೆ, ಈ ಬಗೆಯ ಪಿಸ್ತೂಲಿನಲ್ಲಿ ಅದು ಹಾರುತ್ತದೆ ಎಂದು ಬಿಡಿಸಿ ಹೇಳಿ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು. "ಪೂಜೆ ಆಗಿದೆ ಸಾರ್. ನೀವು ಪೊಲೀಸಿನೋರು, ಸರಿ. ಆದ್ರೆ ಕದಲಿಸೋವರೆಗೆ ಮುಟ್ಟಂಗಿಲ್ಲ." ಸುತ್ತ ನಿಂತವರು ನನ್ನನ್ನು ಪೂಜೆ ಕೆಡಿಸಲು ಬಂದವನಂತೆ ನೋಡಿದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಬೆಳಿಗ್ಗೆ ನಾನೇ ಬಂದು ಬಿಚ್ತೀನಿ. ನಾನು ಬರೋವರೆಗೆ ಯಾರೂ ಅದನ್ನ ಮುಟ್ಟಬಾರ್ದು. ಶಟರ್ ಎಳೆದು ಬೀಗ ಹಾಕಿ." ಒಪ್ಪಿದರು. ನನ್ನೆದುರೇ ಬೀಗ ಹಾಕಿದರು.

ಬೆಳಿಗ್ಗೆ ಹೇಳಿದ ಹೊತ್ತಿಗೆ ಹೋದೆ. ಶಟರ್ ಆಗಲೇ ಮೇಲಿತ್ತು. ಚಂದ್ರಶೇಖರಪ್ಪ ಗಲ್ಲಾದ ಹತ್ತಿರ ಫೋನಿನಲ್ಲಿದ್ದರು. ಮುರುಗೇಶ ಕಾರಿನ ಹೂವು ತೆಗೆದು ಒಳಗೆ ಬಂದು ನಿಂತಿದ್ದ. ನಾನು ಹೊಸ್ತಿಲ ಬಳಿ ಚಪ್ಪಲಿ ಬಿಡಲು ಬಗ್ಗಿದೆ. ಆಗ ಯಜಮಾನರ ದನಿ ಕೇಳಿತು:

"ಸಾರ್ ಬಂದ್ರು ನೋಡು. ಮುರುಗೇಶ, ಆ ದಾರ ಬಿಚ್ಚಿ ಕೊಡು ಅವರಿಗೆ."

"ಬೇಡ!" ಎಂದು ನಾನು ಕೂಗುತ್ತಾ ತಲೆಯೆತ್ತಿದಾಗ ಕಂಡದ್ದಿಷ್ಟು. ಮುರುಗೇಶ ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದಿದ್ದ. ಅಂಗೈ ನಳಿಕೆಯ ಬಾಯಿಯ ಮುಂದೆ. ಬಲಗೈಯಿಂದ ದಾರ ಎಳೆಯುತ್ತಿದ್ದ. ರಾತ್ರಿಯೆಲ್ಲ ಹೂವಿನ ನೀರಿನಲ್ಲಿ ನೆನೆದು ಗಂಟು ಬಿಗಿದುಕೊಂಡಿತ್ತು. ಅವನು ಇನ್ನಷ್ಟು ಜೋರಾಗಿ ಎಳೆದ.

ಮುಚ್ಚಿದ ಜಾಗದಲ್ಲಿ ಪಿಸ್ತೂಲಿನ ಸದ್ದು ಸಿನಿಮಾದಲ್ಲಿ ಕೇಳುವಂಥದ್ದಲ್ಲ. ತಗಡಿನ ರಾಶಿ ಒಮ್ಮೆಲೇ ತಲೆಯೊಳಗೆ ಬಿದ್ದಂತೆ. ನನ್ನ ಕಿವಿ ಕಟ್ಟಿಹೋಯಿತು. ಗುಂಡು ಮುರುಗೇಶನ ಎಡ ಅಂಗೈಯನ್ನು ತೂರಿ ಹೋಗಿತ್ತು. ಅವನು ತನ್ನ ಕೈಯನ್ನು ಇನ್ಯಾರದೋ ಕೈ ಎಂಬಂತೆ ನೋಡುತ್ತ ನಿಂತಿದ್ದ. ನನ್ನ ಹೆಗಲ ಮೇಲಿದ್ದ ಟವೆಲನ್ನು ಅವನ ಅಂಗೈಗೆ ಬಿಗಿದು ಕಟ್ಟಿ, ಕೈಯನ್ನು ಎತ್ತಿ ಹಿಡಿಸಿ, ಅಂಗಡಿಯ ಗುಮಾಸ್ತರ ಕೈಲಿ ಕಾರು ಓಡಿಸಿ ಆಸ್ಪತ್ರೆಗೆ ಸಾಗಿಸಿದೆವು. ಹೊರಡುವ ಮೊದಲು ನೆಲಕ್ಕೆ ಬಿದ್ದಿದ್ದ ಪಿಸ್ತೂಲಿಗೆ ಒಂದು ಕುರ್ಚಿ ಅಡ್ಡ ಇಟ್ಟು, ಪೊಲೀಸರು ಬರುವವರೆಗೆ ಅದನ್ನು ಯಾರೂ ಮುಟ್ಟಕೂಡದೆಂದು ಹೇಳಿ ಬಂದೆ. ದಾರ ಇನ್ನೂ ಬಳೆಯಲ್ಲೇ ಇತ್ತು.

ಆಸ್ಪತ್ರೆಯ ವರಾಂಡದಲ್ಲಿ ಸಬ್ ಇನ್‌ಸ್ಪೆಕ್ಟರ್ ವಿಚಾರಿಸಿದಾಗ ಚಂದ್ರಶೇಖರಪ್ಪ ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ. "ನಾನು ಫೋನಲ್ಲಿದ್ದೆ ಸಾರ್. ಇವನೇ ತಗೊಂಡು ಆಟ ಆಡ್ತಿದ್ದ." ಗೋಡೆಯ ಆಚೆ ಆ ಮನುಷ್ಯನ ಕೈ ಹೊಲಿಯುತ್ತಿದ್ದರು. ಬೈಪಾಸಿನಲ್ಲಿ ಇವರ ಜೀವ ಉಳಿಸಿದ್ದ ಕೈ ಅದು. ಲೈಸೆನ್ಸ್ ಇಲ್ಲದವನ ಕೈಗೆ ಆಯುಧ ಕೊಡುವುದು ಅಪರಾಧ ಎಂಬುದು ಅಷ್ಟು ಹೊತ್ತಿಗೆ ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ನಾನು ಕಂಡದ್ದನ್ನು, ಕೇಳಿದ್ದನ್ನು ಸಬ್ ಇನ್‌ಸ್ಪೆಕ್ಟರಿಗೆ ಅಲ್ಲೇ ಹೇಳಿದೆ. "ಲಿಖಿತ ಹೇಳಿಕೆ ಕೊಡಬೇಕಾಗುತ್ತೆ ಸಾರ್," ಎಂದರು. ಕೊಡುತ್ತೇನೆ ಎಂದೆ.

ಹೇಳಿಕೆಯ ದಿನಕ್ಕೆ ಮೊದಲು ಯಜಮಾನರು ನಮ್ಮ ಮನೆಗೆ ಬಂದರು. ಅವರ ಕಥೆ ಬದಲಾಗಿತ್ತು. "ಮುರುಗೇಶನದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ. ಆ ಪ್ಲಾಸ್ಟಿಕ್ ಪಿಸ್ತೂಲೇ ಸರಿ ಇಲ್ಲ, ತಾನಾಗೇ ಹಾರ್ತು ಅಂತ ಬರೆದುಕೊಡಿ. ನಿಮ್ಮ ಮಾತಿಗೆ ತೂಕ ಇದೆ. ಲೋಹದ್ದು ತಗೊಳ್ಳಿ ಅಂತ ನೀವೇ ಹೇಳಿದ್ರಲ್ಲ! ನಮ್ಮವರೇ ಆಗಿ ಇಷ್ಟು ಮಾಡಲ್ವಾ? ಪ್ಲಾಸ್ಟಿಕ್‌ಗೆ ಬಾಯಿದೆಯಾ ಸಾರ್, ತಿರುಗಿ ಮಾತಾಡೋಕೆ?"

"ಬಾಯಿಲ್ಲದ್ದರ ಮೇಲೆ ಹೊರಿಸೋದು ನಿಮಗೆ ರೂಢಿ ಆಗಿದೆ. ಮೊದಲು ಮುರುಗೇಶನ ಮೇಲೆ ಹೊರಿಸಿದ್ರಿ," ಎಂದೆ. ಕಾಫಿ ಕುಡಿಯದೆ ಎದ್ದು ಹೋದರು.

ಮರುದಿನ ಭದ್ರಾವತಿಗೆ, ಮುರುಗೇಶನ ಮನೆಗೆ ಹೋದೆ. ಕಾರ್ಖಾನೆಗೆ ಕೆಲಸಕ್ಕೆಂದು ಬಂದ ತಮಿಳು ಕುಟುಂಬ ಅದು, ಮೂರನೆಯ ತಲೆಮಾರು. ಕೈಗೆ ದಪ್ಪ ಬ್ಯಾಂಡೇಜು. ನನ್ನನ್ನು ಕಂಡ ಕೂಡಲೇ ಅವನೂ ಅದೇ ಮಾತು ತೆಗೆದ.

"ಪಿಸ್ತೂಲೇ ಸರಿ ಇಲ್ಲ ಅಂತ ಹೇಳ್ಬಿಡಿ ಸಾರ್. ಗೋದಾಮಲ್ಲಿ ವಾಚ್‌ಮನ್ ಕೆಲಸ ಕೊಡ್ತೀನಿ ಅಂದಿದಾರೆ ಯಜಮಾನ್ರು. ಈ ಕೈಯಲ್ಲಿ ಇನ್ಯಾರು ನನಗೆ ಸ್ಟೇರಿಂಗ್ ಕೊಡ್ತಾರೆ?"

ನಿಧಾನವಾಗಿ ವಿವರಿಸಿದೆ. ಪಿಸ್ತೂಲು ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಬಿಚ್ಚಿ ನೋಡುತ್ತಾರೆ, ಬೀಳಿಸಿ ನೋಡುತ್ತಾರೆ, ಟ್ರಿಗರಿಗೆ ಎಷ್ಟು ಒತ್ತಡ ಬೇಕೆಂದು ಅಳೆಯುತ್ತಾರೆ. ಅದರಲ್ಲಿ ದೋಷವಿಲ್ಲ ಎಂದೇ ನನ್ನ ಅಂದಾಜು. ದಾರ ಟ್ರಿಗರನ್ನು ಎಳೆಯಿತು, ಪಿಸ್ತೂಲು ತನ್ನ ಕೆಲಸ ಮಾಡಿತು. ದೋಷವಿಲ್ಲ ಎಂಬ ವರದಿ ಬಂದ ದಿನ, ತಾನಾಗೇ ಹಾರಿತು ಎಂಬ ಕಥೆ ಬೀಳುತ್ತದೆ. ಆಗ ಉಳಿಯುವುದು ಮೊದಲ ದಿನ ವರಾಂಡದಲ್ಲಿ ಹೇಳಿದ ಕಥೆ ಮಾತ್ರ: ಡ್ರೈವರ್ ಆಟ ಆಡುತ್ತಿದ್ದ.

ಮುರುಗೇಶನಿಗಿಂತ ಮೊದಲು ಅವನ ಹೆಂಡತಿ ಸೆಲ್ವಿಗೆ ಅರ್ಥವಾಯಿತು. "ಅಂದ್ರೆ ತಪ್ಪಿಸ್ಕೊಳ್ಳೋಕೆ ಅವ್ರು ಎರಡು ಬಾಗ್ಲು ಇಟ್ಕೊಂಡಿದಾರೆ ಸಾರ್. ನಮಗೆ ಒಂದೂ ಇಲ್ಲ." ಗಂಡನ ಕಡೆ ತಿರುಗಿದಳು. "ನೀನು ಹೋಗಿ ಅವ್ರ ಗೇಟು ಕಾಯಿ, ಹೋಗು. ಒಳಗೆ ಅವ್ರು ಹಾಯಾಗಿರ್ತಾರೆ, ಹೊರಗೆ ನಿನಗೆ ಜೈಲು."

ಅವನು ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ ಹೇಳಿದ: "ಮುಟ್ಟಬಾರ್ದು ಅಂತ ನೀವು ಹಿಂದಿನ ಸಂಜೆ ಹೇಳಿದ್ದು ನನಗೂ ಕೇಳಿಸಿತ್ತು ಸಾರ್."

"ಮತ್ತೆ ಯಾಕೆ ಮುಟ್ಟಿದೆ?"

"ಯಜಮಾನ್ರು ಹೇಳಿದ್ರಲ್ಲ. ಹನ್ನೆರಡು ವರ್ಷ ಆಯ್ತು. ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬಂದೇ ಇಲ್ಲ."

ಲಿಖಿತ ಹೇಳಿಕೆಯಲ್ಲಿ ನಾನು ಕಂಡದ್ದನ್ನು, ಕೇಳಿದ ಆ ಒಂದು ವಾಕ್ಯವನ್ನು, ದಾರ ಹಾದ ಜಾಗವನ್ನು ಬರೆದೆ. ಮುರುಗೇಶನೂ ನಡೆದದ್ದನ್ನೇ ಹೇಳಿದ. ನಾನು ಪಾಲಿಮರ್ ಪಿಸ್ತೂಲನ್ನು ದೂರಲಿಲ್ಲ. ದೂರಿದ್ದರೆ ಊರಿನವರೆಲ್ಲ ನನ್ನನ್ನು ಹೊಗಳುತ್ತಿದ್ದರು. ಅಷ್ಟರಲ್ಲಿ ವಾಟ್ಸಾಪಿನಲ್ಲಿ "ಪ್ಲಾಸ್ಟಿಕ್ ಪಿಸ್ತೂಲಿನಿಂದ ದುರಂತ" ಎಂದು ಹರಿದಾಡಿಯಾಗಿತ್ತು. ಟೀ ಅಂಗಡಿಯಲ್ಲೂ ಮದುವೆ ಮನೆಯಲ್ಲೂ ನನ್ನನ್ನು ಕೇಳಿದವರೆಲ್ಲ ಕೇಳಿದ್ದು ಒಂದೇ: ಲೋಹದ್ದಾಗಿದ್ದರೆ ಹೀಗಾಗುತ್ತಿರಲಿಲ್ಲ ಅಲ್ಲವೇ? ಸೇಫ್ಟಿ ಸನ್ನೆ ಹಾಕಿದ್ದರೆ ಆಗುತ್ತಿರಲಿಲ್ಲ, ನಿಜ. ಆದರೆ ಚೇಂಬರ್ ನೋಡದವನು ಸನ್ನೆ ಹಾಕುತ್ತಿದ್ದನೇ? ತುಂಬಿದ ಪಿಸ್ತೂಲನ್ನು ದೇವರ ಮುಂದಿಟ್ಟವನು ಯಾರು, ಅದನ್ನು ಬಿಚ್ಚಲು ಇನ್ನೊಬ್ಬನ ಕೈ ಕೇಳಿದವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಆ ಮೌನ ನನ್ನನ್ನು ಗುಂಡಿನ ಸದ್ದಿಗಿಂತ ಹೆಚ್ಚು ಕಾಡಿದೆ.

ಪ್ರಯೋಗಾಲಯದ ವರದಿ ಬಂತು. ಪಿಸ್ತೂಲಿನಲ್ಲಿ ದೋಷವಿರಲಿಲ್ಲ. ಯಜಮಾನರ ಲೈಸೆನ್ಸ್ ಅಮಾನತಾಯಿತು, ಪ್ರಕರಣ ನ್ಯಾಯಾಲಯದಲ್ಲಿದೆ. ಮುರುಗೇಶ ಅದರಲ್ಲಿ ಆರೋಪಿಯಲ್ಲ, ಗಾಯಾಳು ಸಾಕ್ಷಿ. ವಾಚ್‌ಮನ್ ಕೆಲಸದ ಮಾತು ಅಲ್ಲಿಗೇ ನಿಂತಿತು. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಭದ್ರಾವತಿಯ ಒಂದು ಟೈರ್ ಅಂಗಡಿಯಲ್ಲಿ ಗಾಳಿ ತುಂಬುತ್ತಾನೆ. ಹೋದಾಗ ಕುರ್ಚಿ ಹಾಕಿ ಕೂರಿಸುತ್ತಾನೆ. ನಾನು ಹೇಳಿದ ಸತ್ಯದಿಂದ ಅವನಿಗೆ ಜೈಲು ತಪ್ಪಿತು, ಕೈ ಬರಲಿಲ್ಲ. ಇಷ್ಟನ್ನೇ ನ್ಯಾಯ ಎಂದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆಯುಧಗಳ ನಡುವೆ ಬದುಕು ಕಳೆದವನಿಗೆ ಕೊನೆಗೆ ತಿಳಿದದ್ದು ಆಯುಧದ ವಿಷಯವಲ್ಲ. ಒಬ್ಬನ ಮಾತಿಗೆ ಯಾರೂ ಎದುರಾಡದ ಕಡೆ, ಯಾವ ಸೇಫ್ಟಿಯೂ ಕೆಲಸ ಮಾಡದು. ಮೊನ್ನೆ ಆಯನೂರಿನ ಕಡೆಯ ಒಬ್ಬ ಗುತ್ತಿಗೆದಾರರು ಫೋನ್ ಮಾಡಿದ್ದರು. ಲೈಸೆನ್ಸ್ ಬಂದಿದೆ, ಲೋಹದ್ದು ತಗೊಳ್ಳಲೋ ಪಾಲಿಮರ್ ತಗೊಳ್ಳಲೋ ಎಂದರು. ನಾನು ತೂಕವನ್ನಾಗಲಿ ತುಕ್ಕನ್ನಾಗಲಿ ಎತ್ತಲಿಲ್ಲ.

"ನಿಮ್ಮ ಮನೇಲಿ, ಕೆಲಸದ ಜಾಗದಲ್ಲಿ, 'ಆಗಲ್ಲ, ನಾನು ಮುಟ್ಟಲ್ಲ' ಅಂತ ನಿಮ್ಮ ಮುಖಕ್ಕೇ ಹೇಳೋರು ಯಾರಿದಾರೆ?" ಎಂದೆ.

ಅವರು ಹೆಮ್ಮೆಯಿಂದ ನಕ್ಕರು. "ನನ್ನ ಮಾತಿಗೆ ಎದುರಾಡೋ ಗಂಡು ಇನ್ನೂ ಹುಟ್ಟಿಲ್ಲ ಸಾರ್."

"ಹಾಗಾದ್ರೆ ಎರಡೂ ಬೇಡ," ಎಂದು ಫೋನ್ ಇಟ್ಟೆ.