ಕಿಲ್ಟ್ ಉಟ್ಟು ಷಿಕಾಗೊಗೆ

"ಸರ್, ಇದರೊಳಗೆ ಏನಿದೆ?"

ಡೆಟ್ರಾಯಿಟ್ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ನೀಲಿ ಸಮವಸ್ತ್ರದ ಅಧಿಕಾರಿಯೊಬ್ಬ ನನ್ನ ಸೊಂಟದ ಕೆಳಗೆ ಬೆರಳು ತೋರಿಸಿ ಕೇಳಿದ. ಬೂಟು, ಬೆಲ್ಟು ಕಳಚಿ ಪ್ಲಾಸ್ಟಿಕ್ ತಟ್ಟೆಗೆ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಮೈಸೂರಿನ ಒಂಟಿಕೊಪ್ಪಲಿನವನು. ಆ ದಿನ ನನ್ನ ಮೈಮೇಲಿದ್ದದ್ದು ಹಸಿರು ನೀಲಿ ಚೌಕಳಿಯ, ಮೊಣಕಾಲಿಗೆ ನಿಲ್ಲುವ, ಹಿಂದೆಲ್ಲ ನೆರಿಗೆ ಹಿಡಿದ ಉಣ್ಣೆಯ ಕಿಲ್ಟ್. ಸ್ಕಾಟ್ಲೆಂಡಿನ ಗಂಡಸರು ಮದುವೆಗೂ ಮಸಣಕ್ಕೂ ಉಡುವ ಉಡುಪು ಅದು. ಅದನ್ನುಟ್ಟು ನಾನು ಹೊರಟಿದ್ದದ್ದು ಕೆಲಸದ ಇಂಟರ್ವ್ಯೂಗೆ.

ಇದಾದದ್ದು ಅಮೆರಿಕ ಆರ್ಥಿಕ ಹಿಂಜರಿತದಲ್ಲಿ ಮುಳುಗಿದ್ದ ದಿನಗಳಲ್ಲಿ. ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಕಾರುಗಳ ಬ್ರೇಕು ಕಿರುಗುಟ್ಟದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ವಿಭಾಗವನ್ನೇ ಮುಚ್ಚಿದರು. ಹೆಂಡತಿ ಸುಮಾಗೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸವಿದ್ದುದರಿಂದ ಮನೆ ನಡೆಯುತ್ತಿತ್ತು. ನಡೆಯದೆ ನಿಂತಿದ್ದವನು ನಾನು. ಮೈಸೂರಿನಲ್ಲಾಗಿದ್ದರೆ ಕೆಲಸ ಹೋದ ಸುದ್ದಿ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗಿ, ನಾಲ್ಕು ಜನ ಬೇಡದ ಬುದ್ಧಿ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಇಲ್ಲಿ ನಾನು ಹೇಳದ ಹೊರತು ಯಾರಿಗೂ ಗೊತ್ತಾಗುವಂತಿರಲಿಲ್ಲ. ಹೇಳಲೂ ಇಲ್ಲ. ಕನ್ನಡದವರ ಯುಗಾದಿ ಊಟಕ್ಕೆ ಹೋದರೆ ಮೊದಲ ಪ್ರಶ್ನೆಯೇ "ಈಗ ಎಲ್ಲಿ ಕೆಲ್ಸ ಮಾಡ್ತಿದೀರಾ?" ಎಂದು. ಆ ಪ್ರಶ್ನೆಗೆ ಹೆದರಿ ಹೋಗುವುದನ್ನೇ ಬಿಟ್ಟೆ. ಸುಮಾ ಮಗಳನ್ನು ಕರೆದುಕೊಂಡು ಹೋಗಿ, ನನಗೆ ಜ್ವರ ಎಂದು ಹೇಳಿ ಬರುತ್ತಿದ್ದಳು.

ಪಕ್ಕದ ಮನೆಯ ಇಯನ್ ಕಾರ್ಖಾನೆಯಿಂದ ನಿವೃತ್ತನಾದ ಮುದುಕ. ಅವನ ತಂದೆ ತಾಯಿ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು. ವಾರಕ್ಕೊಮ್ಮೆ ಅವನ ಗ್ಯಾರೇಜಿನಲ್ಲಿ ಬ್ಯಾಗ್‌ಪೈಪ್ ತಂಡದ ಅಭ್ಯಾಸ ನಡೆಯುತ್ತಿತ್ತು. ಬ್ಯಾಗ್‌ಪೈಪ್ ಎಂದರೆ ಕಂಕುಳಲ್ಲಿ ಗಾಳಿಚೀಲ ಒತ್ತಿ ನುಡಿಸುವ ವಾದ್ಯ. ಹತ್ತಿರದಿಂದ ಕೇಳಿದರೆ ನಮ್ಮ ಓಲಗದ ಹಾಗೆಯೇ ಎದೆಗೆ ಬಡಿಯುತ್ತದೆ. ನಾನು ಹುಡುಗನಾಗಿದ್ದಾಗ ಮೃದಂಗ ಕಲಿತವನು. ಅವರ ದೊಡ್ಡ ಡ್ರಮ್ಮಿನವನು ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ ಬಾರಿಸುತ್ತಿದ್ದುದನ್ನು ಬೇಲಿಯಾಚೆಯಿಂದ ಕೇಳಿ ಕೇಳಿ ತಡೆಯಲಾಗದೆ, ಒಂದು ದಿನ ಹೋಗಿ ಹೇಳಿಯೇಬಿಟ್ಟೆ. ಇಯನ್ ಕೋಪಿಸಿಕೊಳ್ಳಲಿಲ್ಲ. "ಅವನಿಗೂ ಅದು ಬೇಡವಾಗಿದೆ. ನೀನೇ ಬಾರಿಸು" ಎಂದು ಡ್ರಮ್ಮಿನ ಕೋಲುಗಳನ್ನು ಕೈಗಿತ್ತ.

ಹಾಗೆ ತಂಡದವರೆಲ್ಲ ಉಡುವ ಕಿಲ್ಟ್ ನನ್ನ ಮೈಗೂ ಬಂತು. ಹೊಸಬರಿಗೆ ಅದನ್ನುಟ್ಟು ಕೂರುವುದೇ ಕಷ್ಟವಂತೆ. ಮನೆಯಲ್ಲಿ ಲುಂಗಿ, ಹಬ್ಬಕ್ಕೆ ಪಂಚೆ ಉಟ್ಟು ಬೆಳೆದ ನನಗೆ ನೆರಿಗೆ ಸವರಿ ಕೂರುವುದನ್ನು ಯಾರು ಕಲಿಸಬೇಕು? "ನೀನು ಇದರಲ್ಲೇ ಹುಟ್ಟಿದ್ದೀಯ!" ಎಂದು ಇಯನ್ ಬೆನ್ನು ತಟ್ಟಿದ. ಎತ್ತಿ ಕಟ್ಟಲು ಬಾರದು ಎನ್ನುವುದೊಂದೇ ಅದರ ಕೊರತೆ. ಮಗಳು ಅನನ್ಯಾ ಮಾತ್ರ ಮುಖ ಮುಚ್ಚಿಕೊಂಡು "ಅಪ್ಪಾ, ಪ್ಲೀಸ್ ಡೋಂಟ್ ಕಮ್ ಟು ಮೈ ಸ್ಕೂಲ್ ಲೈಕ್ ದಿಸ್" ಎಂದಳು.

ತಿಂಗಳುಗಟ್ಟಲೆ ಅರ್ಜಿ ಹಾಕಿದ ಮೇಲೆ, ಷಿಕಾಗೊ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ರೈಲಿನ ಬ್ರೇಕು ತಯಾರಿಸುವ ಕಂಪನಿಯೊಂದು ಇಂಟರ್ವ್ಯೂಗೆ ಕರೆದು ವಿಮಾನದ ಟಿಕೆಟ್ಟನ್ನೂ ಕಳಿಸಿತು. ಅದೇ ದಿನ ಬೆಳಿಗ್ಗೆ ನಮ್ಮ ತಂಡದ ಹಿರಿಯ ಬ್ಯಾಗ್‌ಪೈಪ್ ವಾದಕರೊಬ್ಬರ ಅಂತ್ಯಕ್ರಿಯೆ. ಅವರ ಹೆಂಡತಿಗೆ ನುಡಿಸುತ್ತೇವೆಂದು ಮಾತು ಕೊಟ್ಟಾಗಿತ್ತು, ದೊಡ್ಡ ಡ್ರಮ್ಮಿಲ್ಲದೆ ತಂಡ ಹೆಜ್ಜೆ ಹಾಕುವಂತಿಲ್ಲ. ಷಿಕಾಗೊದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಆ ಒಂದು ಗಂಟೆಯನ್ನು ನಂಬಿ ಎರಡಕ್ಕೂ ಒಪ್ಪಿಕೊಂಡೆ.

ಸ್ಮಶಾನದಿಂದ ಇಯನ್ ತನ್ನ ವ್ಯಾನಿನಲ್ಲಿ ನೇರ ಏರ್‌ಪೋರ್ಟಿಗೆ ತಂದುಬಿಟ್ಟ. ಕಿಲ್ಟಿನ ಜೊತೆ ಕಾಲುಚೀಲದಲ್ಲಿ ಸಿಕ್ಕಿಸುವ ಪುಟ್ಟ ಚೂರಿಯೊಂದಿರುತ್ತದೆ. ಅದರೊಂದಿಗೆ ಒಳಗೆ ಹೋದರೆ ಗತಿಯೇನೆಂದು ಗಾಬರಿಯಲ್ಲಿ ಚೂರಿ ತೆಗೆದು ಅವನಿಗೆ ಕೊಟ್ಟು ಓಡಿದೆ. ಬಾಗಿಲು ದಾಟಿದ ಮೇಲೆ ಗೊತ್ತಾಯಿತು, ಇಂಟರ್ವ್ಯೂಗೆಂದು ತಂದಿದ್ದ ಸೂಟಿನ ಚೀಲ ವ್ಯಾನಿನಲ್ಲೇ ಹೋಗಿದೆ, ತರಿಸಿಕೊಳ್ಳಲು ಹೊತ್ತಿಲ್ಲ.

ಸುಮಾಗೆ ಫೋನ್ ಮಾಡಿದೆ. "ವಾಪಸ್ ಬಂದ್ಬಿಡ್ತೀನಿ ಕಣೆ."

"ಬಂದು ಏನ್ಮಾಡ್ತೀರಾ? ಬೇಲಿ ನೋಡ್ಕೊಂಡು ಕೂತ್ಕೋತೀರಾ?" ಎಂದಳು. "ಅವ್ರು ಕೆಲ್ಸ ಕೊಡೋದು ನಿಮ್ಮ ತಲೆಗೆ, ಪ್ಯಾಂಟಿಗಲ್ಲ. ಹೋಗಿ ಸುಮ್ನೆ."

ಹೀಗೆ ತಪಾಸಣೆಯ ಸಾಲಿಗೆ ಬಂದಿದ್ದೆ. ಕಿಲ್ಟಿನ ಪಟ್ಟಿಯ ಬಕಲ್‌ಗಳಿಗೆ ಲೋಹಶೋಧಕ ಕಿರುಚಿತು. ಆಗ ಬೆನ್ನ ಹಿಂದಿನಿಂದ ಒಂದು ಹೆಂಗಸಿನ ದನಿ, ಅಚ್ಚ ಉತ್ತರ ಕರ್ನಾಟಕದ ಕನ್ನಡದಲ್ಲಿ: "ಏನ್ರೀ, ನೋಡ್ರೀ ಇಲ್ಲೆ! ನಮ್ಮ ಮಂದಿ ಕಂಡಂಗ ಕಾಣತಾನ, ಲಂಗಾ ಉಟ್ಕೊಂಡು ನಿಂತಾನಲ್ರೀ!"

"ಸುಮ್ನಿರ, ಕೇಳಸ್ತೈತಿ" ಎಂದಿತು ಗಂಡಸಿನ ದನಿ.

"ಅವಗೇನ ತಿಳೀತೈತ್ರೀ ನಮ್ಮ ಮಾತು!"

ಅಷ್ಟು ದಿನ ಯಾರಿಂದ ತಪ್ಪಿಸಿಕೊಂಡು ತಿರುಗಿದ್ದೆನೋ ಅವರೇ ಬೆನ್ನ ಹಿಂದೆ ನಿಂತಿದ್ದರು. ಅಧಿಕಾರಿ ವಿನಯದಿಂದಲೇ ಹೇಳಿದ: ಸಡಿಲ ಬಟ್ಟೆಯಾದ್ದರಿಂದ ಕೈಯಿಂದ ತಡವಿ ನೋಡಬೇಕು, ಬೇಕಾದರೆ ಪ್ರತ್ಯೇಕ ಕೋಣೆಯಿದೆ. ಕೋಣೆಗೇ ಹೋಗೋಣವೆಂದು ಬಾಯಿಗೆ ಬಂದಿತ್ತು. ಆದರೆ ಏನನ್ನಿಸಿತೋ, "ಬೇಡ, ಇಲ್ಲೇ ನೋಡಿ" ಎಂದೆ. ಎರಡೂ ಕೈ ಚಾಚಿ ನಿಂತೆ. "ಒಳಗೆ ಒಂದು ಚಡ್ಡಿಯಿದೆ, ಅದರೊಳಗೆ ಒಬ್ಬ ಮೈಸೂರಿನವನಿದ್ದಾನೆ" ಎಂದು ಅವನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟೆ.

ಅವನು ನಕ್ಕುಬಿಟ್ಟ. ನೆರಿಗೆಗಳನ್ನು ಅಂಗೈಯ ಹಿಂಬದಿಯಿಂದ ಸವರುತ್ತಾ, "ಎಷ್ಟು ಬಟ್ಟೆಯಪ್ಪಾ ಇದು?" ಎಂದ.

"ಎಂಟು ಗಜ. ನಮ್ಮಜ್ಜಿ ಉಡುತ್ತಿದ್ದ ಸೀರೆಗಿಂತ ಒಂದೇ ಗಜ ಕಡಿಮೆ."

"ನಿಮ್ಮಜ್ಜಿಯ ತಪಾಸಣೆ ನನ್ನ ಪಾಳಿಗೆ ಬರಲಿಲ್ಲವಲ್ಲ, ಪುಣ್ಯ" ಎಂದು ಕೈಬೀಸಿ ಬಿಟ್ಟ. ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಆಚೆ ಬೆಂಚಿನ ಮೇಲೆ ಕೂತು ಬೂಟಿನ ಉದ್ದದ ಲಾಡಿಗಳನ್ನು ಕಣಕಾಲಿಗೆ ಸುತ್ತುತ್ತಿದ್ದೆ. ಕೆನ್ನೀಲಿ ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟ ಆ ಆಂಟಿ ಪಕ್ಕದಲ್ಲೇ ಬಂದು ಕೂತರು.

"ನಾನು ನಿಮ್ಮ ಮಂದೀನೇ ಆಂಟಿ" ಎಂದೆ.

"ಅಯ್ಯ ಶಿವನೇ!" ಎಂದು ಬಾಯಿಗೆ ಸೆರಗು ಹಿಡಿದರು. ಅಂಕಲ್ ಹೊಟ್ಟೆ ಹಿಡಿದು ನಗತೊಡಗಿದರು. ಬಾಗಲಕೋಟೆಯವರು, ಷಿಕಾಗೊದಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಕೂಡಲೇ ಬಂತು ಆ ಪ್ರಶ್ನೆ: "ಎಲ್ಲಿ ಕೆಲಸಾ ಮಾಡ್ತೀರಿ ತಮ್ಮಾ?"

"ಎಲ್ಲೂ ಇಲ್ಲ ಆಂಟಿ. ಕೆಲಸ ಹೋಗಿದೆ. ಇಂಟರ್ವ್ಯೂಗೆ ಹೋಗ್ತಿದೀನಿ, ಹೀಗೇ."

ಕನ್ನಡದಲ್ಲಿ ಆ ಮಾತನ್ನು ನಾನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಹೇಳಿದರೆ ಆಕಾಶ ಬೀಳುತ್ತದೆಂದು ಎಣಿಸಿದ್ದೆ. ಆಂಟಿ ನನ್ನ ಕೋಟಿನ ಭುಜದ ಮೇಲಿದ್ದ ಒಣ ಹುಲ್ಲಿನೆಸಳನ್ನು ಕೊಡವಿದರು. "ಹೋದ್ರ ಹೋತು ಬಿಡ್ರಿ, ಕೆಲಸಾ ಏನ್ ಜೀವಾ ಏನು? ಇಷ್ಟು ಮಂದಿ ಮುಂದ ಕೈ ಚಾಚಿ ನಿಂತವರಿಗೆ ಇಂಟರ್ವ್ಯೂದಾಗಿನ ನಾಕು ಮಂದಿ ಯಾವ ಲೆಕ್ಕ?" ಎಂದು ಚೀಲದಿಂದ ಒಂದು ಕರದಂಟು ತೆಗೆದು ಕೈಯಲ್ಲಿಟ್ಟರು.

ಡೌನರ್ಸ್ ಗ್ರೋವ್‌ನ ಇಂಟರ್ವ್ಯೂ ಕೋಣೆಗೆ ನಾನು ಕಾಲಿಟ್ಟಾಗ ಮುಖ್ಯಸ್ಥೆ ಕನ್ನಡಕ ಸರಿಪಡಿಸಿಕೊಂಡು, "ನಮ್ಮ ನೆನಪಿನಲ್ಲಿ ಉಳಿಯುವುದಕ್ಕೆ ಹೀಗೆ ಬಂದಿರಾ?" ಎಂದರು. ಇಲ್ಲವೆಂದು ನಡೆದದ್ದನ್ನೆಲ್ಲ ಹೇಳಿದೆ. "ಅಂತ್ಯಕ್ರಿಯೆ ತಪ್ಪಿಸಬಹುದಿತ್ತಲ್ಲ?" ಎಂದರು ಇನ್ನೊಬ್ಬರು. "ಮಾತು ಕೊಟ್ಟಿದ್ದೆ" ಎಂದೆ. ಆಮೇಲೆ ಉಡುಪಿನ ಮಾತು ಯಾರೂ ಎತ್ತಲಿಲ್ಲ. ಗೂಡ್ಸ್ ರೈಲಿನ ಬ್ರೇಕೊಂದು ಕೂಗುವ ಸದ್ದನ್ನು ಕೇಳಿಸಿ ಕಾರಣ ಹುಡುಕಲು ಹೇಳಿದರು. ತಿಂಗಳುಗಳ ನಂತರ ನನ್ನ ಕಿವಿಗೆ ನನ್ನದೇ ಕೆಲಸ ಸಿಕ್ಕಿತ್ತು. ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಪ್ಯಾಂಟಿಲ್ಲದ್ದನ್ನು ನಾನೂ ಮರೆತೆ. ಮರುವಾರ ಅವರ ಫೋನ್ ಬಂದಾಗ ಸುಮಾ ಸೌಟು ಹಿಡಿದೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು.

ಕಿಲ್ಟ್ ಉಟ್ಟ ನನ್ನ ಫೋಟೊ ನೋಡಿದ ಅಮ್ಮ ಮೈಸೂರಿನಿಂದ ಬೈದರು: "ನಿನ್ನ ಮದುವೇಲಿ ಕಚ್ಚೆ ಪಂಚೆ ಉಡಿಸೋಕೆ ಮೂರು ಜನ ಹಿಡ್ಕೋಬೇಕಾಯ್ತು. ಈಗ ಯಾರೋ ಸ್ಕಾಟ್ಲೆಂಡ್‌ನೋರ್ದು ಉಟ್ಕೊಂಡು ಮೆರೀತಿದೀಯ!" ಬೈಯುತ್ತಲೇ ಆ ಫೋಟೊವನ್ನು ಬೀದಿಗೆಲ್ಲ ತೋರಿಸಿದರಂತೆ.

ಈಗ ನಾವು ಷಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿದ್ದೇವೆ. ಇಲ್ಲಿ ಬೇಕಾದಷ್ಟು ಕನ್ನಡ ಕೇಳಿಸುತ್ತದೆ, ಬ್ಯಾಗ್‌ಪೈಪ್ ಕೇಳಿಸುವುದಿಲ್ಲ. ಕನ್ನಡದವರ ಹಬ್ಬದೂಟದಲ್ಲಿ ಹೊಸದಾಗಿ ಕೆಲಸ ಕಳೆದುಕೊಂಡವರು ಯಾರಾದರೂ ಮೂಲೆಯಲ್ಲಿ ನಿಂತದ್ದು ಕಂಡರೆ ನಾನೇ ಹೋಗಿ ಮಾತನಾಡಿಸುತ್ತೇನೆ. ಕಳೆದ ಶನಿವಾರ ಇಯನ್ ಫೋನ್ ಮಾಡಿ "ಮನೆಗೆ ಯಾವಾಗ ಬರುತ್ತೀ?" ಎಂದ. ಅವನ ಲೆಕ್ಕದಲ್ಲಿ ಮನೆಯೆಂದರೆ ಡಿಯರ್‌ಬಾರ್ನ್. ಮರುದಿನ ಅಮ್ಮನದೂ ಅದೇ ಪ್ರಶ್ನೆ: "ಮನೆಗೆ ಯಾವಾಗ ಬರ್ತೀಯೋ?" ಇಬ್ಬರಿಗೂ "ಬೇಗ ಬರ್ತೀನಿ" ಎಂದೆ, ಇಬ್ಬರಿಗೂ ಸುಳ್ಳು ಹೇಳಲಿಲ್ಲ. ಫೋನಿಟ್ಟಾಗ, ಹೋಮ್‌ವರ್ಕ್ ಮಾಡುತ್ತಿದ್ದ ಅನನ್ಯಾ ತಲೆಯೆತ್ತದೆ, "ಬಟ್ ಅಪ್ಪಾ, ವಿ ಆರ್ ಹೋಮ್" ಎಂದಳು.

ಅವಳಿಗೂ "ಹೌದು" ಎಂದೆ.