ಕೊಟ್ಟಿಗೆಗೆ ಎಳೆದ ವೈರು

ಕಾವ್ಯಾ, ಭರತಾ, ನಿಮಗೆ ಒಂದು ಅಂಗೈಯ ವಿಷಯ ಹೇಳಬೇಕು. ಎಡಗೈ ಅದು. ಅದರ ತುಂಬ ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಸುಟ್ಟ ಕಲೆಗಳು. ವೈರಿಗೆ ಬೆಸುಗೆ ಹಾಕುವಾಗ ಕಾದ ಸೀಸ ಸಿಡಿದು ಆದವು. ಹಾಡು ನಡೆಯುತ್ತಿರುವಾಗ ಆ ಅಂಗೈಯನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಊರಿ, ಕಣ್ಣು ಅರೆ ಮುಚ್ಚಿ ನಿಂತುಬಿಡುತ್ತಿದ್ದರು. ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ಕರು ಮಿಸುಕುವುದನ್ನು ತಿಳಿಯುವವರ ಹಾಗೆ. ಆಮೇಲೆ ಆಂಪ್ಲಿಫೈರಿನ ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಅಷ್ಟೇ. ಅಲ್ಲಿಯವರೆಗೆ ತಗಡಿನೊಳಗಿಂದ ಬರುತ್ತಿದ್ದ ದನಿ ಆಗ ಮನುಷ್ಯರ ಗಂಟಲಿನಿಂದ ಬರತೊಡಗುತ್ತಿತ್ತು.

ಅವರು ನಿಮ್ಮ ತಾತನ ದೊಡ್ಡಪ್ಪನ ಮಗ. ನನಗೆ ಭಾವ. ಪಾಂಡವಪುರ ತಾಲ್ಲೂಕಿಗೆಲ್ಲ ಅವರು ಮೈಕ್‌ಸೆಟ್ಟಿನವರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಜಗಲಿಯ ಮೇಲೆ ಉಮ್ಮತ್ತಿ ಹೂವಿನಾಕಾರದ ಹಾರನ್ನುಗಳನ್ನು ಅಡ್ಡ ಮಲಗಿಸಿಟ್ಟಿರುತ್ತಿದ್ದರು. ಬೇಸಿಗೆಯಲ್ಲಿ ಅವುಗಳ ಒಳಗೆ ಕೋಳಿಗಳು ಕಾವು ಕೂರುತ್ತಿದ್ದವು.

ಆಗಿನ ಕಾಲದಲ್ಲಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾನಂತೂ ಮೊದಲೇ ಅಂಜುಬುರುಕಿ. ಭಾವ ಬಂದರೆ ಸೆರಗು ತಲೆಯ ಮೇಲೆಳೆದು ಬಾಗಿಲ ಹಿಂದೆ ಸರಿದುಬಿಡುತ್ತಿದ್ದೆ. ಅವರು ನನಗೆ ಹೇಳಬೇಕಾದ್ದನ್ನೆಲ್ಲ ತಮ್ಮ ಹೆಂಡತಿಗೆ ಹೇಳುತ್ತಿದ್ದರು. ಆಕೆ ನನಗೆ ಓರಗಿತ್ತಿ. ನಾನು ಅಕ್ಕ ಅನ್ನುತ್ತಿದ್ದೆ.

"ಅಮ್ಮಿ, ಪಕ್ಕದ್ ಮನೆಯೋರ್ ಎಮ್ಮೆ ಕಣ್ಣಿ ಕಿತ್ಕಂಡೈತೆ ಅಂತ ಯೋಳು" ಅಂತ ಅವರು ಕೂಗಿದಾಗ ನಾನು ಮಾರು ದೂರದಲ್ಲೇ ಇರುತ್ತಿದ್ದೆ.

ಅಕ್ಕನಿಗೆ ರೇಗುತ್ತಿತ್ತು. "ಅವ್ಳಿಗೇನ್ ಕಿವಿ ಇಲ್ವಾ? ನಾನೇನ್ ನಿಮ್ಮ ಆಂಪ್ಲಿಫೈರಾ?"

ಹೀಗೆ ಅವರ ಮಾತುಗಳೆಲ್ಲ ಅಕ್ಕನ ಮೂಲಕವೇ ನನ್ನ ಕಿವಿಗೆ ಬಿದ್ದವು. ಒಂದೂ ವ್ಯರ್ಥವಾಗಲಿಲ್ಲ.

ಮೈಕ್ ಕಟ್ಟಿದ ಮೇಲೆ ಎಲ್ಲರೂ ಹಲೋ ಹಲೋ ಅನ್ನುತ್ತಾರೆ. ನಮ್ಮ ಭಾವ ಹಾಗಲ್ಲ. ಉಗುರಿನಿಂದ ಒಮ್ಮೆ ತಟ್ಟಿ, "ಕೇಳುಸ್ತಾ ಐತಾ, ಕೆರೆ ಏರಿಯೋರೇ?" ಅನ್ನುತ್ತಿದ್ದರು. ಏರಿಯ ಮೇಲೆ ದನ ಮೇಯಿಸುವವರು ಯಾರಾದರೂ ಅಲ್ಲಿಂದಲೇ "ಓ..." ಅಂತ ಕೂಗಬೇಕು. ಕೂಗು ಬಂದರೆ ಸರಿ. ಬರದಿದ್ದರೆ ಮತ್ತೆ ತೆಂಗಿನ ಮರ ಹತ್ತಿ ಹಾರನ್ನಿನ ಮೊಗ ತಿರುಗಿಸುತ್ತಿದ್ದರು. ಪರ ಊರಿಗೆ ಹೋದರೂ ಅದೇ ಮಾತು. ಅಲ್ಲಿ ಕೆರೆ ಇದೆಯೋ ಇಲ್ಲವೋ ಯಾರು ನೋಡಿದವರು!

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಿಮ್ಮ ತಾತ ಅವರ ಜೊತೆ ಹಾರನ್ ಕಟ್ಟಲು ಹೋಗುತ್ತಿದ್ದರು. ಟ್ರಾಕ್ಟರಿನ ಟ್ರೈಲರಿನಲ್ಲಿ ಪೆಟ್ಟಿಗೆಗಳ ನಡುವೆ ಅಕ್ಕನಿಗೂ ನನಗೂ ಜಾಗ ಸಿಗುತ್ತಿತ್ತು. ಕ್ಯಾಸೆಟ್ಟಿನ ಚೀಲ ಕಾಯುವುದು ನಮ್ಮ ಕೆಲಸ ಅಂತ ಹೆಸರಿಗೆ. ಊರಿನ ಶಾಲೆ ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ಆ ಆಂಪ್ಲಿಫೈರಿನ ಹಿಂದೆ ಕುಳಿತೇ.

ಗಂಜಾಂನಲ್ಲಿ ಒಂದು ಸಂಜೆ ನಿಮಿಷಾಂಬ ಗುಡಿಯ ಹತ್ತಿರ ನಾಗಸ್ವರದ ಕಚೇರಿ ಇತ್ತು. ಭಾವ ಮೈಕನ್ನು ವಾದ್ಯದ ಬಾಯಿಗೆ ಹಿಡಿಯಲಿಲ್ಲ, ದೂರದಲ್ಲಿ ನಿಲ್ಲಿಸಿದರು. ಕಮಿಟಿಯವರು ಗೊಣಗಿದಾಗ ಅಕ್ಕನ ಕಡೆ ತಿರುಗಿ, "ಹೊಳೆ ಅರ್ಧ ಕೆಲ್ಸ ಮಾಡ್ತದೆ ಕಣಮ್ಮಿ, ಅದ್ನ ಯಾಕ್ ಕೆಡುಸ್ಬೇಕು" ಅಂದರು. ನಾಗಸ್ವರದವರು ಒಂದು ಉದ್ದನೆಯ ಸ್ವರ ಹಿಡಿದರು. ಅದು ಕಾವೇರಿಯ ಮೇಲೆ ಹೋಗಿ ಆಚೆ ದಡ ಮುಟ್ಟಿ ಮರಳಿ ಬಂತು. ಹರಿಗೋಲಿನವನು ಹುಟ್ಟು ಎತ್ತಿದವನು ಎತ್ತಿದಂತೆಯೇ ಇದ್ದ. ಹರಿಗೋಲು ತನ್ನ ಪಾಡಿಗೆ ತಿರುಗುತ್ತಿತ್ತು. ದೇವರು ಅಂದರೆ ಹೀಗಿರಬಹುದು ಅಂತ ಮೊದಲ ಸಲ ಅನ್ನಿಸಿತು.

ಕೆ.ಆರ್. ಪೇಟೆಯಲ್ಲಿ ಗಣಪತಿ ಕೂರಿಸಿದಾಗ ಆರ್ಕೆಸ್ಟ್ರಾ. ಬಣ್ಣ ಬಣ್ಣದ ದೀಪ, ಡ್ರಮ್ಮು, ಕೀಬೋರ್ಡು, ಮಿಣುಗುವ ಅಂಗಿಯ ಗಾಯಕರು. ಒಬ್ಬನೇ ಗಂಡಸು ಗಂಡಿನ ಸಾಲನ್ನೂ ಹೆಣ್ಣಿನ ಸಾಲನ್ನೂ ಹಾಡಿದ. ಅಕ್ಕನೂ ನಾನೂ ನಂಬದೆ, ಹಿಂದೆ ಯಾರೋ ಹೆಂಗಸನ್ನು ಬಚ್ಚಿಟ್ಟಿದ್ದಾರೆ ಅಂತ ಪರದೆ ಸರಿಸಿ ನೋಡಿದೆವು. ಅಲ್ಲಿ ಒಬ್ಬ ಬೋಂಡ ತಿನ್ನುತ್ತಿದ್ದ. ನಾಗಮಂಗಲದ ಕಡೆ ನಾಟಕಗಳಿಗೆ ಹೋದರೆ, ಬೆಳಿಗ್ಗೆ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತಿದ್ದ ರೈತರೇ ಕಿರೀಟ ಇಟ್ಟುಕೊಂಡು ಹಾರ್ಮೋನಿಯಂ ಶ್ರುತಿಗೆ ಕಂದಪದ್ಯ ಎತ್ತುತ್ತಿದ್ದರು. ಆ ದನಿಗೆ ಚಪ್ಪರದ ಗರಿ ಅದುರುತ್ತಿತ್ತು. ಭಾವ ಮೈಕನ್ನು ಸಣ್ಣ ಮಾಡಿ ಸುಮ್ಮನೆ ಕೂರುತ್ತಿದ್ದರು. "ಇವ್ರಿಗೆ ನಾನ್ಯಾಕೆ" ಅನ್ನುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ಉರುಸಿನ ಕವ್ವಾಲಿ ಕೇಳಿದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಸಾಲಾಗಿ ಕುಳಿತವರು ಚಪ್ಪಾಳೆ ತಟ್ಟುತ್ತಾ ಒಂದೇ ಸಾಲನ್ನು ಮತ್ತೆ ಮತ್ತೆ ಏರಿಸುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಇಳಿಯಿತು.

"ಯಾಕಮ್ಮಿ ಅಳ್ತೀಯೆ? ಏನ್ ಅರ್ತ ಆಯ್ತು ನಿಂಗೆ?" ಅಂದಳು ಅಕ್ಕ.

"ಏನೂ ಆಗ್ನಿಲ್ಲ ಕಣಕ್ಕ."

ತಿರುಪಿನ ಮೇಲೆ ಕೈಯಿಟ್ಟಿದ್ದ ಭಾವ ತಿರುಗದೆಯೇ ಅಂದರು: "ಅರ್ತ ಆಗ್ದೆ ಅತ್ತವ್ಳಲ್ಲ, ಅವ್ಳು ಕೇಳ್ದೋಳು ಕಣಮ್ಮಿ. ನೀನು ಬರೀ ಬಂದೋಳು."

ಆಮೇಲೆ ಪಾಂಡವಪುರ ಬರುವವರೆಗೂ ಅಕ್ಕ ಅವರ ಜೊತೆ ಮಾತಾಡಲಿಲ್ಲ. ನಾನು ಕತ್ತಲಲ್ಲಿ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಹಿಡಿದುಕೊಂಡು ಕುಳಿತಿದ್ದೆ. ನನ್ನನ್ನು ಕುರಿತು ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ಯಾವ ಹಾಡು ಚೆನ್ನ ಅಂತ ಯಾರಾದರೂ ಕೇಳಿದರೆ ಭಾವ ಹಾಡಿನ ಹೆಸರು ಹೇಳುತ್ತಿರಲಿಲ್ಲ. ಅವರು ವೇದಿಕೆಗೆ ಬೆನ್ನು ಹಾಕಿ ಜನರ ಮುಖ ನೋಡುವವರು. "ಜನ ಯಾವಾಗ ಎಲಡಿಕೆ ಅಗಿಯಾದು ನಿಲ್ಲುಸ್ತಾರೋ, ಅದು ಪದ" ಅನ್ನುತ್ತಿದ್ದರು.

ನಾನೂ ಹಾಡುತ್ತಿದ್ದೆ ಮಕ್ಕಳೇ. ಮದುವೆ ಮನೆಗಳಲ್ಲಿ ಸೋಬಾನೆ. ಅಕ್ಕ ಮೊದಲ ಸೊಲ್ಲು ಎತ್ತಿದರೆ ನಾನು ಹಿಂದಿನಿಂದ ಅದನ್ನೇ ಹಿಡಿದು ತಿರುಗಿ ಹೇಳುವವಳು. ಒಬ್ಬರೇ ಹೇಳಿದರೆ ಅದು ಸೋಬಾನೆ ಅಲ್ಲ, ಎತ್ತುವವರೊಬ್ಬರು, ಹಿಡಿಯುವವರೊಬ್ಬರು ಇರಬೇಕು. ಮುಖ ತೋರಿಸಲು ನಾಚಿಕೆ, ದನಿಗೆ ಮಾತ್ರ ನಾಚಿಕೆ ಇರಲಿಲ್ಲ.

ನಿಮ್ಮ ತಾತ ಕಾಯಿಲೆ ಬಿದ್ದು ಹೋದ ಮೇಲೆ ಅದು ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಕರೆಯುವುದನ್ನು ಬಿಟ್ಟರು, ನಾನೂ ಹೋಗುವುದನ್ನು ಬಿಟ್ಟೆ. ಸೋಬಾನೆ ಮುತ್ತೈದೆಯರು ಹೇಳುವುದು. ಟ್ರಾಕ್ಟರಿನಲ್ಲಿ ಹೋಗುವುದೂ ಮುಗಿಯಿತು. ಬೆಳಿಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕೆಗೆ ಹಣೆ ಒತ್ತಿ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಅದು ಹಾಲು ಸುಲಭವಾಗಿ ಬಿಡುತ್ತಿತ್ತು.

ಒಂದು ದಿನ ಗೋಡೆಯಾಚೆಯಿಂದ ಭಾವನ ದನಿ ಕೇಳಿತು. ಬೇಕೆಂದೇ ಜೋರಾಗಿ: "ಅಮ್ಮಿ, ಪಕ್ಕದ್ ಕೊಟ್ಟಿಗೇಲಿ ಹಸ ಪದ ಹೇಳ್ತಾ ಐತೆ ಕಣೆ. ಚೆಂದಾಗೇ ಹೇಳ್ತದೆ. ನಿಲ್ಲುಸ್ಬ್ಯಾಡ ಅನ್ನು."

ನಾನು ನಿಲ್ಲಿಸಲಿಲ್ಲ.

ಕೆಲವು ವರ್ಷ ಕಳೆದು ನಿಮ್ಮಮ್ಮನ ಮದುವೆ ಗೊತ್ತಾಯಿತು. ನನ್ನ ತಾಯಿ ಕಟ್ಟಿ ನನಗೆ ಕಲಿಸಿದ ಒಂದು ಪದವಿದೆ. ಮದುವೆಯಾಗಿ ಹೊರಟ ಹುಡುಗಿಯನ್ನು ಮನೆಯ ವಸ್ತುಗಳೆಲ್ಲ ಕೇಳುತ್ತವೆ, ಎಲ್ಲಿಗೆ ಹೊರಟೆ ಅಂತ. ಒರಳು ಕೇಳುತ್ತದೆ, ಬಾವಿಯ ಹಗ್ಗ ಕೇಳುತ್ತದೆ, ಕೊನೆಗೆ ಕೊಟ್ಟಿಗೆಯ ಹಸು ಕೇಳುತ್ತದೆ. ಅದನ್ನು ಊರಿನ ಎಷ್ಟೋ ಹೆಣ್ಣುಮಕ್ಕಳ ಧಾರೆಯಲ್ಲಿ ಹೇಳಿದ್ದೆ. ನನ್ನ ಮಗಳ ಧಾರೆಯಲ್ಲಿ ಹೇಳಬೇಕು ಅನ್ನುವುದೊಂದೇ ನನ್ನ ಆಸೆ. ಆ ಆಸೆಗೆ ಈಗ ಬಾಯಿರಲಿಲ್ಲ.

ನಿಮ್ಮಮ್ಮನಿಗೆ ಅದು ಗೊತ್ತಿತ್ತು. ಚಪ್ಪರ ಹಾಕಿದ ದಿನ ಎಲ್ಲರ ಮುಂದೆ, "ನಮ್ಮವ್ವ ಪದ ಹೇಳ್ದೆ ಇದ್ರೆ ನಾನು ಹಸೆ ಮ್ಯಾಲೆ ಕೂರಾಕಿಲ್ಲ" ಅಂದುಬಿಟ್ಟಳು.

ಮನೆಯ ಹಿರಿಯ ತಲೆ ನಮ್ಮ ದೊಡ್ಡತ್ತೆ, ನಿಮ್ಮ ತಾತನ ಸೋದರತ್ತೆ. ಆಕೆಯೂ ಗಂಡನನ್ನು ಕಳೆದುಕೊಂಡವಳು. ಅಲ್ಲಿಯೇ ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತಿದ್ದಳು.

"ಏನಮ್ಮಿ ನಿನ್ ಗಾಂಚಾಲಿ? ನಾನು ನನ್ ಮಗ್ಳು ಧಾರೇಲಿ ಭತ್ತದ್ ಮೂಟೆ ಇಂದೆ ಕುಂತಿದ್ದೆ ಕಣೆ. ವಾಲಗ ಊದುದ್ದು ಕೇಳಿ, ಆಯ್ತು ಅಂದ್ಕಂಡೆ. ನನ್ಗೇನ್ ಆಸೆ ಇರ್ನಿಲ್ವಾ?"

ನಾನೇ ಮಗಳನ್ನು ಗದರಿ ಒಳಗೆ ಕಳಿಸಿದೆ. ಜಗಲಿಯ ಮೇಲೆ ವೈರು ಸುತ್ತುತ್ತಿದ್ದ ಭಾವ ತಲೆ ಎತ್ತಲಿಲ್ಲ. ಆದರೆ ಸುತ್ತುತ್ತಿದ್ದವರು ಬಿಚ್ಚತೊಡಗಿದರು.

ಮದುವೆಯ ಬೆಳಿಗ್ಗೆ ಧಾರೆಯ ಹೊತ್ತಿಗೆ ನಾನು ಕೊಟ್ಟಿಗೆಗೆ ಹೋದೆ. ಅಲ್ಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ತಾತನಿಲ್ಲದ್ದರಿಂದ ಧಾರೆ ಎರೆಯುವವರು ಭಾವ ಮತ್ತು ಅಕ್ಕ. ಕೊಟ್ಟಿಗೆಯಲ್ಲಿ ನೊಗ ನೇತುಹಾಕುವ ಗೂಟಕ್ಕೆ ಒಂದು ಮೈಕ್ ಕಟ್ಟಿತ್ತು. ಅದರ ವೈರು ಗೋಡೆಯ ಬಿರುಕಿನಲ್ಲಿ ಹಾದು, ಹೆಂಚಿನ ಕೆಳಗೆ ಸಾಗಿ ಮುಂದಿನ ಜಗಲಿಯ ಕಡೆ ಹೋಗಿತ್ತು. ಹಸು ಅದನ್ನು ಮೂಸಿ ನೋಡುತ್ತಿತ್ತು.

ಆ ಮೈಕಿನ ಎದುರೂ ಸೆರಗು ತಲೆಯ ಮೇಲೆಳೆದುಕೊಂಡೆ.

ಹೊರಗೆ ತೆಂಗಿನ ಮರದ ತುದಿಯ ಹಾರನ್ನಿನಿಂದ ಭಾವನ ದನಿ ಬಂತು. "ಕೇಳುಸ್ತಾ ಐತಾ, ಕೆರೆ ಏರಿಯೋರೇ?" ದೂರದಿಂದ "ಓ..." ಬಂತು. ಆಮೇಲೆ ಅವರು ಎಂದೂ ಆಡದ ಮಾತೊಂದು, ಸ್ವಲ್ಪ ತಗ್ಗಿಸಿ: "ಕೇಳುಸ್ತಾ ಐತಾ, ಕೊಟ್ಟಿಗೇಲಿರೋರೇ?"

ಅವರು ನನ್ನನ್ನೇ ಉದ್ದೇಶಿಸಿ ಆಡಿದ ಮೊದಲ ಮಾತು ಅದು. ಇಡೀ ಊರಿಗೆ ಕೇಳಿಸಿತು, ನನ್ನೊಬ್ಬಳಿಗೆ ತಿಳಿಯಿತು.

ಚಪ್ಪರದಲ್ಲಿ ವಾಲಗ ನಿಂತಿತು. ಗಂಡಿನ ಕಡೆಯ ಹೆಂಗಸರ ದನಿ: "ಏನಮ್ಮಾ, ಹೆಣ್ಣಿನ್ ಮನೇಲಿ ಪದ ಹೇಳೋರೇ ಇಲ್ವಾ? ಬಾಯಿಗೆ ಬೀಗ ಹಾಕ್ಕಂಡ್ ಕುಂತವ್ರಾ?" ಎಲ್ಲರೂ ನಕ್ಕರು. ನಮ್ಮ ಕಡೆಯವರು ಅಕ್ಕನ ಮುಖ ನೋಡಿರಬೇಕು. "ನಂಗೆ ಗಂಟ್ಲು ಕಟ್ಟೈತೆ ಕಣ್ರವ್ವಾ" ಅಂದಳು ಅಕ್ಕ. ಬೆಳಿಗ್ಗೆ ಅಡುಗೆಯವರನ್ನು ಬೀದಿಗೆ ಕೇಳುವಂತೆ ಬೈದಿದ್ದ ಅದೇ ಅಕ್ಕ!

ಹಸುವಿನ ಪಕ್ಕೆಗೆ ಹಣೆ ಒತ್ತಿದೆ. ಕಣ್ಣು ಮುಚ್ಚಿದೆ. ಸೊಲ್ಲು ಎತ್ತಿದೆ.

ಮಕ್ಕಳೇ, ನನ್ನ ದನಿ ನನ್ನ ತಲೆಯ ಮೇಲಿನ ಆಕಾಶದಿಂದ ಬಂತು. ಹೇಗೆ ಹೇಳಲಿ? ನಾನು ಕೊಟ್ಟಿಗೆಯಲ್ಲಿ ಗುನುಗಿದ್ದು ತೆಂಗಿನ ಮರ ಹತ್ತಿ, ಗದ್ದೆ ಬಯಲಿನ ಮೇಲೆ ಹೋಗಿ ಕೆರೆ ಏರಿಗೆ ತಾಗಿತು. ಗಂಜಾಂನ ನಾಗಸ್ವರ ಹೋದ ಹಾಗೆ ಹೋಯಿತು. ಅದು ನನ್ನದು ಅಂತ ನಂಬಲು ನನಗೇ ಧೈರ್ಯ ಬರಲಿಲ್ಲ.

ಒರಳು ಕೇಳುವ ಸೊಲ್ಲು ಮುಗಿಯಿತು. ಹಿಡಿಯುವವರಿಲ್ಲ. ಆ ಜಾಗ ಖಾಲಿ ಉಳಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ದೊಡ್ಡತ್ತೆ. ಗಂಡಿನ ಕಡೆಯವರಿಗೆ ಗೊತ್ತಾಗದ ದನಿ ಆಕೆಗೆ ಗೊತ್ತಾಗಿತ್ತು. ಕೋಲೂರಿಕೊಂಡು ಬಂದು ನನ್ನನ್ನೂ ಮೈಕನ್ನೂ ನೋಡಿದಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಗೂಟದಿಂದ ಅದನ್ನು ಕಿತ್ತೇ ಬಿಡುತ್ತಾಳೆ.

ಆಕೆ ಕೋಲನ್ನು ಗೋಡೆಗೆ ಒರಗಿಸಿದಳು. ಹುಲ್ಲಿನ ಮೇಲೆ ಮೆಲ್ಲಗೆ ಕುಳಿತಳು. ಬಾಯಿಯ ಎಲೆಯಡಿಕೆಯನ್ನು ಮೂಲೆಗೆ ಉಗಿದಳು. ಆಮೇಲೆ ನಾನು ಬಿಟ್ಟ ಸೊಲ್ಲನ್ನು ಹಿಡಿದಳು. ಹಲ್ಲಿಲ್ಲದ ಬಾಯಿ, ನಡುಗುವ ದನಿ, ಆದರೆ ಒಂದಕ್ಷರ ತಪ್ಪಲಿಲ್ಲ. ಎಷ್ಟು ವರ್ಷದಿಂದ ಮೂಟೆಯ ಹಿಂದೆ ಇಟ್ಟುಕೊಂಡಿದ್ದಳೋ!

ನಾನು ಎತ್ತಿದೆ, ಆಕೆ ಹಿಡಿದಳು. ಬಾವಿಯ ಹಗ್ಗ ಕೇಳಿತು, ಹಸು ಕೇಳಿತು. ಆ ಹೊತ್ತಿನಲ್ಲೇ ಧಾರೆಯ ನೀರು ನಿಮ್ಮಮ್ಮನ ಕೈಮೇಲೆ ಬಿತ್ತು ಅಂತ ಆಮೇಲೆ ಅಕ್ಕ ಹೇಳಿದಳು. ನಿಮ್ಮಮ್ಮ ತಲೆ ಎತ್ತಿ ತೆಂಗಿನ ಮರವನ್ನೇ ನೋಡುತ್ತಿದ್ದಳಂತೆ. ಭಾವ ಎಂದಿನಂತೆ ಜನರ ಮುಖ ನೋಡುತ್ತಿದ್ದರಂತೆ. "ಒಬ್ರೂ ಎಲಡಿಕೆ ಅಗೀನಿಲ್ಲ ಕಣಮ್ಮಿ" ಅಂದಳು ಅಕ್ಕ.

ಊಟದ ಹೊತ್ತಿಗೆ ಗಂಡಿನ ಕಡೆಯ ಹಿರಿಯರೊಬ್ಬರು ಭಾವನ ಹತ್ತಿರ ಬಂದರು. "ಯಾವ್ ಕ್ಯಾಸೆಟ್ಟು ಮೈಕ್‌ಸೆಟ್ನೋರೇ ಅದು? ಮುದುಕಿ ದನಿ ಒಂದು, ಹೆಂಗ್ಸಿನ್ ದನಿ ಒಂದು. ನಮ್ಗೂ ಒಂದ್ ಕಾಪಿ ತೆಗ್ದ್ ಕೊಡಿ."

ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಅದು ಒಂದೇ ಐತೆ ಸಾಮಿ" ಅಂದರು ಭಾವ. "ಕಾಪಿ ತೆಗೆಯಕ್ಕಾಗಾಕಿಲ್ಲ."

ಜೀವಮಾನವೆಲ್ಲ ಹಾರನ್ನುಗಳ ಕೆಳಗೆ ಕಳೆದದ್ದಕ್ಕೋ ಏನೋ, ಕೊನೆಗೆ ಅವರ ಕಿವಿ ಪೂರ್ತಿ ಹೋಯಿತು. ಕಾವ್ಯಾ, ನೀನಾಗ ಅಂಬೆಗಾಲಿಡುತ್ತಿದ್ದೆ. ಭರತ ಇನ್ನೂ ಹುಟ್ಟಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಅವರ ಮಂಚವನ್ನು ಒಳಕೋಣೆಯ ಬಾಗಿಲಿಗೆ ತಾಗಿಸಿ ಹಾಕಿದ್ದರು. ಹಳೆಯ ಹಲಸಿನ ಹಲಗೆಯ ಬಾಗಿಲು. ಒಂದು ಮಧ್ಯಾಹ್ನ ನಾನು ಹೋಗಿ, ರೂಢಿಯಂತೆ ಅದರ ಹಿಂದೆ ನಿಂತೆ.

"ಬಂದವ್ಳೆ" ಅಂತ ಅಕ್ಕ ಸನ್ನೆ ಮಾಡಿದಳು.

"ಆ ಹಸಿನ್ ಪದ ಹೇಳು ಅನ್ನು" ಅಂದರು ಭಾವ.

"ನಿಮ್ಗೆ ಕೇಳಾಕಿಲ್ವಲ್ಲ!" ಅಂತ ಅಕ್ಕ ಅಳುತ್ತಾ ಕೂಗಿದಳು. ಅದೂ ಅವರಿಗೆ ಕೇಳಿಸಲಿಲ್ಲ.

ನಾನು ಹಲಗೆಗೆ ಹಣೆ ಒತ್ತಿದೆ, ಹಸುವಿನ ಪಕ್ಕೆಗೆ ಒತ್ತಿದ ಹಾಗೆ. ಬಾಯಿ ಅದಕ್ಕೇ ಹಿಡಿದು ಹೇಳಿದೆ. ಒರಳು, ಹಗ್ಗ, ಹಸು. ಅಕ್ಕ ಎದ್ದು ಬಂದು ಸೊಲ್ಲು ಹಿಡಿದಳು. ಬಾಗಿಲ ಸಂದಿಯಲ್ಲಿ ಕಂಡಿತು: ಭಾವ ಮಲಗಿದಲ್ಲಿಂದಲೇ ಎಡಗೈ ಎತ್ತಿ ಆ ಕಲೆಗಳ ಅಂಗೈಯನ್ನು ಹಲಗೆಯ ಮೇಲೆ ಊರಿದ್ದರು. ಕಣ್ಣು ಅರೆ ಮುಚ್ಚಿತ್ತು.

"ಬತ್ತಾ ಐತೆ" ಅಂದರು. "ಬತ್ತಾ ಐತೆ ಕಣಮ್ಮಿ."

ಕೈ ಜಾರುವವರೆಗೂ ಹೇಳಿದೆ. ಅವರಿಗೆ ನಿದ್ದೆ ಬಂದಿತ್ತು. ಆ ವಾರದಲ್ಲೇ ಹೋದರು. ಅವರ ಜೊತೆ ನಾನು ಮಾತು ಅಂತ ಒಂದನ್ನೂ ಆಡಲಿಲ್ಲ.

ಆ ಪದ ನಿಮ್ಮಮ್ಮನಿಗೆ ಬರುತ್ತದೆ, ಕೇಳಿ ಕಲಿಯಿರಿ. ಆ ಅಂಗೈ ಮಾತ್ರ ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನೀರು ತಾಗದ ಕಡೆ, ಇಲಿ ಬಾರದ ಕಡೆ ಇಡಿ. ಇದೂ ಒಂದೇ ಇರುವುದು ಮಕ್ಕಳೇ.